ಬೋರಲಿಟ್ಟ ಲೋಟ

"ಕಣ್ಣು ಮುಚ್ಚಿ... ಉಸಿರು ನೋಡಿ" ಅಂತ ಮೂರು ಸಲ ಹೇಳಿದ ಮೇಲೂ ಆ ಹುಡುಗಿ ಕಣ್ಣು ಮುಚ್ಚಲಿಲ್ಲ!

ಬಸವನಗುಡಿಯ ಆ ಮಹಡಿ ಕೋಣೆಯಲ್ಲಿ ಹನ್ನೆರಡು ಜನ ಅಲುಗಾಡದೆ ಕೂತಿದ್ದರು. ಅವಳೊಬ್ಬಳು ಮಾತ್ರ ಅರೆಗಣ್ಣು ತೆರೆದು ನೆಲ ನೋಡುತ್ತಿದ್ದಳು. ಧ್ಯಾನ ಹೇಳಿಕೊಡುತ್ತಿದ್ದ ಬದರೀನಾರಾಯಣ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಹೇಳಿದ ಮಾತು ಕೇಳದವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ಏನ್ರೀ, ಕಣ್ಣು ಮುಚ್ಚೋಕೆ ಭಯಾನಾ?" ಎಲ್ಲರೂ ಎದ್ದ ಮೇಲೆ ಕೇಳಿದ.

"ಭಯ ಅಲ್ಲ ಸಾರ್. ನಮ್ಮಪ್ಪ ಹೇಳಿಕೊಟ್ಟಿದ್ದು ಹೀಗೆ. ಪೂರ್ತಿ ಮುಚ್ಚಿದ್ರೆ ಎದುರಿಗಿರೋದು ಕಾಣಲ್ಲ ಅಂತಾರೆ."

"ಎದುರಿಗಿರೋದನ್ನ ನೋಡೋಕೆ ಧ್ಯಾನ ಯಾಕ್ರೀ? ಮಾರ್ಕೆಟ್ ಬಸ್ ಸ್ಟಾಪಲ್ಲಿ ನಿಂತ್ರೆ ಸಾಕಲ್ಲ!"

ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗುವಿಗೆ ಗೌತಮಿ ಆವತ್ತೇ ಅರ್ಧ ಸೋತಿದ್ದಳು... ಹುಚ್ಚು ಹುಡುಗಿ!

ಅದು ೧೯೮೨ರ ಫೆಬ್ರವರಿ. ಗೌತಮಿ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಬಿನ್ನಿಪೇಟೆಯ ಅವಳ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಬುದ್ಧನ ಪಟವಿತ್ತು. ಮಿಲ್ಲಿನಿಂದ ರಿಟೈರ್ ಆದ ಅಪ್ಪ ಆಂಜಿನಯ್ಯ ದಿನಾ ಸಂಜೆ ಅದರ ಮುಂದೆ ದೀಪ ಹಚ್ಚಿ ಕೂರುತ್ತಿದ್ದರು. ಧ್ಯಾನ ಅವಳಿಗೆ ಹೊಸದಲ್ಲ. ಜೊತೆಯಲ್ಲಿ ಕೆಲಸ ಮಾಡುವ ಜಾನಕಮ್ಮ ಬಲವಂತ ಮಾಡಿದ್ದಕ್ಕೆ ಬಂದಿದ್ದಳು, ಅಷ್ಟೇ.

ಕೆಳಗೆ ಬದರಿಯ ತಾಯಿ ಅಂಬುಜಮ್ಮ ಎಲ್ಲರಿಗೂ ಕಾಫಿ ಕೊಟ್ಟರು.

"ಹೊಸಬಳಲ್ವೇನಮ್ಮ? ಮನೆ ಎಲ್ಲಿ?"

"ಬಿನ್ನಿಪೇಟೆ. ನಾವು ಬೌದ್ಧರು."

"ಓ..." ಅಂಬುಜಮ್ಮ ನಗುತ್ತಲೇ ಕೇಳಿದರು. "ಬೌದ್ಧರಾಗೋಕ್ ಮುಂಚೆ?"

ಗೌತಮಿ ಹೇಳಿದಳು. ಯಾಕೆ ಸುಳ್ಳು ಹೇಳಬೇಕು?

ಮುಂದಿನ ಭಾನುವಾರ ಎಲ್ಲರ ಕೈಯಲ್ಲೂ ಹೊಳೆಯುವ ಸ್ಟೀಲ್ ಲೋಟಗಳಿದ್ದವು. ಅವಳಿಗೆ ಬಂದದ್ದು ಅಂಚು ನೆಗ್ಗಿದ ಹಳೇ ಲೋಟ. ಕುಡಿದು ಕೆಳಗಿಡಲು ಹೋದಾಗ ಅಂಬುಜಮ್ಮ ಮೆಲ್ಲಗೆ ಅಂದರು, "ಹಿತ್ತಲಲ್ಲಿ ನಲ್ಲಿ ಇದೆ ಕಣಮ್ಮ."

ಅವಳು ತೊಳೆದಳು. "ಎಲ್ಲಿಡಲಿ ಅಮ್ಮಾ?"

"ಅಲ್ಲೇ, ಹೊರಗಡೆ ಕಟ್ಟೆ ಮೇಲೆ ಬೋರಲು ಹಾಕ್ಬಿಡು."

ಮತ್ತೆ ಹೋಗಬಾರದಿತ್ತು. ಆದರೆ ಅಷ್ಟರಲ್ಲಿ ಬದರಿ ಅವಳನ್ನು ಬಸ್ ಸ್ಟಾಪಿನವರೆಗೂ ಕಳಿಸಲು ಬರತೊಡಗಿದ್ದ! ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮುಂದೆ ಇಬ್ಬರೂ ಮಾತಿಲ್ಲದೆ, ಒಂದೊಂದೇ ಹೆಜ್ಜೆ ಗಮನಿಸುತ್ತಾ ನಡೆಯುತ್ತಿದ್ದರು. "ಇದೂ ಧ್ಯಾನಾನೇ" ಅನ್ನುತ್ತಿದ್ದ ಅವನು. ಅವಳ ಎದೆಬಡಿತ ಯಾವ ಧ್ಯಾನಕ್ಕೂ ಬಗ್ಗುತ್ತಿರಲಿಲ್ಲ.

'ಲೋಟದ ವಿಷಯ ಇವರಿಗೆ ಗೊತ್ತಾ? ಗೊತ್ತಿದ್ದೂ ಸುಮ್ಮನಿದ್ದಾರಾ? ಕೇಳಿಬಿಡಲಾ? ಕೇಳಿದ ಮೇಲೆ ಹೌದು ಅಂದುಬಿಟ್ಟರೆ...'

ಕೇಳಲಿಲ್ಲ. ಹನ್ನೊಂದು ತಿಂಗಳು, ಪ್ರತಿ ಭಾನುವಾರ, ಲೋಟ ತೊಳೆದು ಬೋರಲು ಹಾಕಿದಳು.

ಜನವರಿಯ ಒಂದು ಸಂಜೆ ಅವನು ಹೇಳಿದ, "ನಿನ್ನನ್ನೇ ಮದುವೆ ಆಗ್ತೀನಿ ಗೌತಮಿ. ಬರೋ ಭಾನುವಾರ ಎಲ್ಲರ ಎದುರಿಗೇ ಹೇಳ್ತೀನಿ. ಅಮ್ಮನೂ ಇರ್ತಾರೆ."

ಆ ಭಾನುವಾರ ಅವಳು ಹೊಸ ನೀಲಿ ಸೀರೆ ಉಟ್ಟು ಬಂದಳು.

ಕಾಫಿ ಮುಗಿದಿತ್ತು. ಹಿತ್ತಲ ಬಾಗಿಲ ಬಳಿ ಅವಳು ಲೋಟ ಹಿಡಿದು ನಿಂತಿದ್ದಾಗಲೇ ಬದರಿ ಮಾತು ಶುರು ಮಾಡಿದ.

"ಧ್ಯಾನ ಅಂದ್ರೆ ಕಣ್ಮುಚ್ಚಿ ಕೂರೋದಷ್ಟೇ ಅಲ್ಲ. ದಿನನಿತ್ಯದ ಕೆಲಸದಲ್ಲೂ ಅದಿರಬೇಕು. ಗೌತಮೀನ ನೋಡಿ! ನಾವೆಲ್ಲ ಲೋಟ ಇಟ್ಟು ಎದ್ದುಬಿಡ್ತೀವಿ. ಅವಳು ಒಂದು ವಾರಾನೂ ತಪ್ಪದೆ ತನ್ನ ಲೋಟ ತಾನೇ ತೊಳೀತಾಳೆ. ಬುದ್ಧ ಹೇಳಿದ್ದು ಅದನ್ನೇ!"

ಜಾನಕಮ್ಮ ತಲೆ ತಗ್ಗಿಸಿದರು. ಅಂಬುಜಮ್ಮ ಸೆರಗು ಸರಿಮಾಡಿಕೊಂಡರು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು!

ಗೌತಮಿಯ ಮೈಯೆಲ್ಲ ಉರಿಯಿತು.

"ನಾನು ಧ್ಯಾನ ಮಾಡ್ತಿರಲಿಲ್ಲ ಸಾರ್" ಎಂದಳು. "ನಾನು ಮುಟ್ಟಿದ್ದನ್ನ ನಿಮ್ಮನೇಲಿ ಯಾರೂ ಮುಟ್ಟಲ್ಲ. ಅದಕ್ಕೇ ತೊಳೀತಿದ್ದೆ. ಈ ಲೋಟ ಯಾವತ್ತಾದ್ರೂ ಒಳಗೆ ಬಂದಿದ್ದು ನೋಡಿದ್ದೀರಾ? ಮೂಗಿನ ತುದೀಲಿ ಓಡಾಡೋ ಉಸಿರು ಕಾಣುತ್ತೆ ನಿಮಗೆ... ನನ್ನ ಕೈಯಲ್ಲಿರೋ ಲೋಟ ಕಾಣಲ್ವಾ?"

ಬದರಿ ಬಿಳಿಚಿಕೊಂಡ. ತಾಯಿಯನ್ನು ನೋಡಿದ. ಆಮೇಲೆ... ಮನಸ್ಸು ಶಾಂತ ಮಾಡಿಕೊಳ್ಳಲು ಕಣ್ಣು ಮುಚ್ಚಿದ!

ಅವನು ಕಣ್ಣು ತೆರೆಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಮೂರು ತಿಂಗಳು ಕಳೆಯಿತು. ನೀಲಿ ಸೀರೆ ಪೆಟ್ಟಿಗೆಯ ತಳ ಸೇರಿತು. ಅಪ್ಪನ ಪಕ್ಕ ಧ್ಯಾನಕ್ಕೆ ಕೂತರೆ ಉಸಿರಿನ ಬದಲು ಆ ಮಾತೇ ಕೇಳಿಸುತ್ತಿತ್ತು... ಗೌತಮೀನ ನೋಡಿ!

ಏಪ್ರಿಲಿನ ಒಂದು ಬೆಳಗ್ಗೆ ಬಿನ್ನಿಪೇಟೆಯ ಆ ಪುಟ್ಟ ಮನೆಯ ಬಾಗಿಲಲ್ಲಿ ಬದರಿ ನಿಂತಿದ್ದ. ಸೊರಗಿದ್ದ. ಆಂಜಿನಯ್ಯ ಚಾಪೆ ತೋರಿಸಿದರು. ಗೌತಮಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು.

"ನನಗೆ ಗೊತ್ತಿರಲಿಲ್ಲ ಗೌತಮಿ. ನಿಜವಾಗ್ಲೂ ನಾನದನ್ನ ನೋಡಿರಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ರಿ ಅಂದ್ಕೊಂಡಿದ್ದೆ. ನೋಡೇ ಇರಲಿಲ್ವಾ?" ಅವಳು ಒಣನಗೆ ನಕ್ಕಳು. "ಅದು ಇನ್ನೂ ಕೆಟ್ಟದ್ದು."

"ಹೌದು" ಅಂದ. "ಆವತ್ತಿಂದ ಆ ಲೋಟದಲ್ಲೇ ಕುಡೀತಿದ್ದೆ. ಅಮ್ಮ ನನ್ನನ್ನೂ ಅಡುಗೆಮನೆಗೆ ಸೇರಿಸಲಿಲ್ಲ. ಹೋದ ವಾರ ಮತ್ತಿಕೆರೇಲಿ ರೂಮ್ ಮಾಡ್ಕೊಂಡೆ."

"ಮೂರು ತಿಂಗಳಿಗೇ ಸುಸ್ತಾದ್ರಾ ಸಾರ್?" ಆಂಜಿನಯ್ಯ ಸಣ್ಣಗೆ ಕೇಳಿದರು. "ನನಗೀಗ ಅರವತ್ತೆರಡು."



'ಹೋಗಿ ಅಂದುಬಿಡಲಾ?' ಅನ್ನಿಸಿತು ಅವಳಿಗೆ. ಬಾಯಿ ಬರಲಿಲ್ಲ.

"ಅಮ್ಮ ಮದುವೆಗೆ ಬರಲ್ಲ" ಅಂದ ಅವನು. "ನೀನು ಒಪ್ಪಬೇಕು ಅಂತಾನೂ ಇಲ್ಲ. ಆದ್ರೆ ನಿನ್ನನ್ನ ಬಿಟ್ಟು ನನ್ನಿಂದ ಇರೋಕಾಗ್ತಿಲ್ಲ. ಇದನ್ನ ನಿನ್ನೆದುರಿಗೆ, ಕಣ್ಣು ಬಿಟ್ಕೊಂಡು ಹೇಳ್ಬೇಕಿತ್ತು."

ಗೌತಮಿಯ ಕಣ್ಣು ತುಂಬಿತು. ಸಿಟ್ಟು ಹೋಗಿರಲಿಲ್ಲ. ಬಹುಶಃ ಪೂರ್ತಿ ಹೋಗುವುದೂ ಇಲ್ಲ. ಪ್ರೀತಿಯೂ ಹೋಗಿರಲಿಲ್ಲವಲ್ಲ...

ತಾಯಿ ಸಿದ್ದಮ್ಮ ಕಾಫಿ ತಂದಿಟ್ಟರು. ಅವನು ಕುಡಿದು, ಲೋಟ ಹಿಡಿದು ಎದ್ದ.

"ಅಯ್ಯೋ, ಬಿಡಿ ಸ್ವಾಮಿ! ನಮ್ಮನೇಲಿ ಬಂದೋರ ಕೈಲಿ ತೊಳೆಸಲ್ಲ!"

"ತೊಳೀಲಿ ಬಿಡಮ್ಮ" ಎಂದಳು ಗೌತಮಿ.

ಅವನು ಬಚ್ಚಲಲ್ಲಿ ಕೂತು ಲೋಟ ತೊಳೆದ. ಅಂಗಿಯ ತೋಳೆಲ್ಲ ಒದ್ದೆ. ಬಂದು ಅವಳೆದುರು ನಿಂತ.

"ಎಲ್ಲಿಡಲಿ?"

ಅವಳು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಒಳಗೆ... ನಮ್ಮ ಲೋಟಗಳ ಜೊತೆ."

"ಆಮೇಲೆ ನಾನು ಕುಡಿದಿದ್ದು ಯಾವುದು ಅಂತ ಗೊತ್ತಾಗಲ್ಲವಲ್ಲ?"

"ಗೊತ್ತಾಗಬಾರದು, ಬದರಿ."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.