ಹೊಳೆ ದಾಟಿ ಬಂದ ಬೆಕ್ಕು

ಹುಲಿಯಾ ಬೆಕ್ಕು ಕೇಳಲು ಬಂದ ದಿನ ಕಾಶಿ ಬಾಗಿಲ ಮರೆಯಲ್ಲಿ ನಿಂತು ಅವನ ಕಾಲು ನೋಡಿದಳು.

ಮುಖ ನೋಡುವುದು ಆಮೇಲಿನ ಕೆಲಸ. ಬೆಕ್ಕು ಕೇಳಲು ಬಂದವರ ಕಾಲನ್ನೇ ಮೊದಲು ನೋಡಬೇಕು. ಧಪಧಪ ನಡೆಯುವವರ ಮನೆಯಲ್ಲಿ ಬೆಕ್ಕು ನಿಲ್ಲುವುದಿಲ್ಲ. ಈ ಕಾಲುಗಳು ಮರಳಿನ ಮೇಲೆ ನಡೆದು ಪಳಗಿದವು. ಹೊಸ್ತಿಲಲ್ಲಿ ಮಲಗಿದ್ದ ಮುದಿ ಬೆಕ್ಕಿನ ಬಾಲ ತುಳಿಯದೆ, ಅದನ್ನು ಎಬ್ಬಿಸದೆ, ಮೆಲ್ಲಗೆ ದಾಟಿ ಒಳಗೆ ಬಂದವು. ಇಂಥವನ ಮುಖ ನೋಡಬಹುದು ಎಂದುಕೊಂಡು ಕಾಶಿ ಕಣ್ಣೆತ್ತಿದಳು.

ಅವನು ಅವಳನ್ನೇ ನೋಡುತ್ತಿದ್ದ.

ಕೋಡಿಬಾಗದ ದೋಣಿಗಟ್ಟೆಯ ಪಕ್ಕದಲ್ಲಿ ಹಳೆಯ ಅಕ್ಕಿ ಗೋದಾಮು. ಮಚವೆ ಹಡಗುಗಳಲ್ಲಿ ಅಕ್ಕಿ ಬರುತ್ತಿದ್ದ ಕಾಲದಲ್ಲಿ ಇಲಿ ಕಾಟಕ್ಕೆಂದು ಅಲ್ಲಿ ಬೆಕ್ಕು ಸಾಕಿದ್ದರು. ಆಮೇಲೆ ಅಕ್ಕಿ ಬರುವುದು ನಿಂತಿತು, ಬೆಕ್ಕುಗಳು ಅಲ್ಲೇ ನಿಂತವು. ಕಾವಲಿಗಿದ್ದ ಹೀರಾ ಅವಕ್ಕೆ ಗಂಜಿ ಹಾಕಿದಳು. ಊರವರು ಬೇಡದ ಮರಿಗಳನ್ನು ಅವಳ ಜಗಲಿಯಲ್ಲಿ ಬಿಟ್ಟುಹೋಗತೊಡಗಿದರು, ಬೇಕಾದವರು ಬಂದು ಕೇಳತೊಡಗಿದರು. ಕಾರವಾರದ ಜನರ ಬಾಯಲ್ಲಿ ಅದು ಬೆಕ್ಕಿನ ಬಿಡಾರವಾಯಿತು.

ಕಾಶಿ ಹೀರಾಳ ತಮ್ಮನ ಮಗಳು. ತಾಯಿ ಹೋದ ಮೇಲೆ ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಅತ್ತೆಯ ಬಳಿ ಬಂದವಳು. ಬೆಕ್ಕುಗಳ ನಡುವೆ ಬೆಳೆದದ್ದಕ್ಕೋ ಏನೋ, ಅವಳಿಗೆ ಮಾತು ಕಡಿಮೆ, ನೋಟ ಹೆಚ್ಚು.

"ಹೆಸರೆಂತ?" ಹೀರತ್ತೆ ಎಲೆಯಡಿಕೆ ಅಗಿಯುತ್ತ ಕೇಳಿದಳು.

"ಹುಲಿಯಾ. ಹೊಳೆಯಾಚೆ ಚಿತ್ತಾಕುಲದವ."

"ಅಯ್ಯೋ ದೇವರೇ, ಹುಲಿ ತನ್ನ ಚಿಕ್ಕಮ್ಮ ಬೆಕ್ಕು ಮೌಶೀನ ಹುಡುಕ್ಕಂಡು ಬಂದದೆ!"

ಅವನೂ ನಕ್ಕ. "ಮೌಶಿ ಬರೂದಾದ್ರೆ ಮರ್ಯಾದೆಯಿಂದ ಕರ್ಕಂಡು ಹೋಗ್ತೆ ಹೀರಕ್ಕ."

"ಮನೇಲಿ ಯಾರ್ಯಾರಿದ್ರು?"

"ಅಪ್ಪ, ನಾನು, ಬಲೆ."

"ಹೆಂಗಸರು?"

"ಬಲೇನೇ ಹೆಂಗಸು. ದಿನಾ ಮುನಿಸ್ಕಂಡು ಹರ್ಕಂತದೆ. ದಿನಾ ನಾನು ಕೂತು ಸಮಾಧಾನ ಮಾಡೂದು."

ಬಾಗಿಲ ಹಿಂದೆ ಕಾಶಿ ಸೆರಗನ್ನು ಬಾಯಿಗೊತ್ತಿಕೊಂಡಳು. ನಗು ಹೊರಗೆ ಬರಲಿಲ್ಲ, ಬಳೆ ಸದ್ದು ಬಂತು. ಅವನ ಕಣ್ಣು ಒಂದು ಗಳಿಗೆ ಅತ್ತ ಹೋಗಿ, ಏನೂ ಆಗಿಲ್ಲವೆಂಬಂತೆ ತಿರುಗಿ ಬಂತು.

"ಹಾಗಾದ್ರೆ ಆಗೂದಿಲ್ಲ ಮಾರಾಯ," ಎಂದಳು ಹೀರತ್ತೆ. "ಒಲೆ ಹಚ್ಚೂ ಹೆಂಗಸಿಲ್ಲದ ಮನೆಗೆ ನಾನು ಬೆಕ್ಕು ಕೊಟ್ಟವಳೇ ಅಲ್ಲ. ಹೊಸ ಬೆಕ್ಕನ್ನ ಎತ್ಕಂಡು ಒಲೆಗೆ ಮೂರು ಸುತ್ತು ಬರಬೇಕು. ಆ ಮನೆ ಹೆಂಗಸೇ ಬರಬೇಕು. ಇಲ್ದಿದ್ರೆ ಅದು ನಿಲ್ಲೂದಿಲ್ಲ."

ಹುಲಿಯಾನ ಮುಖದಿಂದ ನಗು ಇಳಿಯಿತು. ದಡಕ್ಕೆ ಎಳೆಯುವ ರಂಪಣಿ ಬಲೆ ಒಬ್ಬನದ್ದಲ್ಲ, ಕೇರಿಯದ್ದು. ಮನೆಗೊಂದು ತುಂಡು. ಎಲ್ಲ ತುಂಡುಗಳನ್ನು ಜೋಡಿಸಿ ಕಡಲಿಗೆ ಬಿಡುತ್ತಾರೆ. ಮೀನಿನ ಹಂಗಾಮು ಮುಗಿದಲ್ಲಿಂದ ಮಳೆಗಾಲ ಕಳೆಯುವವರೆಗೆ ಆಯಾ ಮನೆಯವರು ತಮ್ಮ ತುಂಡನ್ನು ಕೊಟ್ಟಿಗೆಯ ಜಂತಿಗೆ ತೂಗುಹಾಕಿ ಕಾಯಬೇಕು. ಈ ಸಲ ಅವನ ಕೊಟ್ಟಿಗೆಗೆ ಇಲಿ ನುಗ್ಗಿದ್ದವು.

"ನನ್ನ ತುಂಡಲ್ಲಿ ತೂತಾದ್ರೆ ಇಡೀ ಕೇರಿ ಮೀನು ಅಲ್ಲಿಂದ್ಲೇ ಹೋಗ್ತದೆ. ಮುಂದಿನ ಸಲ ನಮ್ಮನ್ನ ಬಲೆಗೆ ಸೇರ್ಸೂದಿಲ್ಲ. ಅಪ್ಪನಿಗೆ ಈ ವಯಸ್ಸಲ್ಲಿ ಆ ಮಾತು ಕೇಳ್ಸೂಕೆ ನಂಗೆ ಆಗೂದಿಲ್ಲ ಹೀರಕ್ಕ."

ಅತ್ತೆ ತಲೆಯಲ್ಲಾಡಿಸಿದಳು. ಅವಳ ಮಾತೆಂದರೆ ಮಾತು.

"ಬೆಕ್ಕು ಮನೆಗಲ್ಲ ಅಲ್ಲನಾ ಅತ್ತೆ. ಕೊಟ್ಟಿಗೆಗೆ. ಕೊಟ್ಟಿಗೇಲಿ ಒಲೆ ಎಲ್ಲದೆ?"

ಹೀಗೆ ಹೇಳಿದ್ದು ಯಾರೆಂದು ಕಾಶಿಗೇ ತಿಳಿಯಲು ಒಂದು ಗಳಿಗೆ ಬೇಕಾಯಿತು. ಹೊಸಬರ ಮುಂದೆ ಅವಳ ದನಿ ಕೇಳಿದವರೇ ಇರಲಿಲ್ಲ. ಹೀರತ್ತೆಯ ಬಾಯಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿತು.

"ಓಹೋ. ಹಾಗಾದ್ರೆ ನೀನೇ ಆರ್ಸಿ ಕೊಡು."

ಹುಲಿಯಾ ಆಗಲೇ ಆರಿಸಿಯಾಗಿತ್ತು. ಜಗಲಿಯ ಬಿಸಿಲಲ್ಲಿ ಹಳದಿ ಪಟ್ಟೆಯ ಗಂಡು ಬೆಕ್ಕೊಂದು ಜಮೀನುದಾರನಂತೆ ಒರಗಿತ್ತು. "ಇದು ಎಷ್ಟು ಚಂದ ಅದೆ!"

"ಚಂದ ಅದೆ," ಎಂದಳು ಕಾಶಿ, ನೆಲ ನೋಡುತ್ತ. "ಇಲೀನೂ ಅದ್ನ ನೋಡೂಕೇ ಬರ್ತವೆ."

ಬೆಕ್ಕು ಒಯ್ಯಲು ಅವನು ತಂದಿದ್ದ ಬುಟ್ಟಿಯ ಮೇಲೆ ಮುಚ್ಚಿದ್ದ ಹರಕು ಬಲೆಯ ಚೂರನ್ನು ಅವಳು ಎಳೆದು ನೆಲಕ್ಕೆ ಹಾಸಿದಳು. ಹಳದಿ ಬೆಕ್ಕು ಧಾವಿಸಿ ಬಂದು, ಮೀನಿನ ವಾಸನೆಗೆ ಅದನ್ನೇ ಕಚ್ಚಿ ಜಗಿಯತೊಡಗಿತು. ಹುಲಿಯಾ "ಏ ಏ!" ಎಂದ. ಇನ್ನೆರಡು ಬೆಕ್ಕು ಬಂದು ಇನ್ನೊಂದು ತುದಿ ಹಿಡಿದವು.

ಬೂದು ಬಣ್ಣದ ಸಣಕಲು ಹೆಣ್ಣು ಬೆಕ್ಕೊಂದು ಮಾತ್ರ ಬಲೆಯನ್ನು ಮೂಸಿ, ಅದರ ಮೇಲೇ ನಡೆದು ಹೋಗಿ, ಆಚೆ ಕೂತು ಮಾಡಿನ ಕಡೆ ನೋಡಿತು. ಅದರ ಒಂದು ಕಿವಿ ಹರಿದಿತ್ತು. ಕಾಶಿ ಬೆನ್ನ ಹಿಂದೆ ತೆಂಗಿನ ಗೆರಟೆಯನ್ನು ಉಗುರಿನಿಂದ ಇಲಿಯಂತೆ ಮೆಲ್ಲಗೆ ಕೆರೆದಳು. ಹರಿದ ಕಿವಿ ತಟ್ಟನೆ ತಿರುಗಿತು.

"ಬೂದಿ," ಎಂದಳು ಕಾಶಿ. "ಇವಳನ್ನ ತಕಂಡು ಹೋಗು. ಮೀನಿನಾಸೆ ಇಲ್ಲ, ಮೇಲೆ ಹತ್ತೂಕೆ ಹೆದರೂದಿಲ್ಲ."

"ಇಷ್ಟೆಲ್ಲ ನೋಡಿ ಆರಿಸ್ತ್ರು ಅಂತ ಗೊತ್ತೇ ಇರ್ಲಿಲ್ಲ," ಎಂದ ಅವನು. "ನಾನು ಬಣ್ಣ ನೋಡಿದ್ದೆ ಅಷ್ಟೇ."

"ಗಂಡಸರು ಅಷ್ಟೇ ನೋಡೂದು," ಎಂದಳು ಹೀರತ್ತೆ.

"ಎಲ್ಲರೂ ಅಲ್ಲ," ಎಂದ ಅವನು. ಈ ಸಲ ಕಣ್ಣನ್ನು ತಿರುಗಿಸಿಕೊಳ್ಳಲಿಲ್ಲ.

ಬುಟ್ಟಿ ಬೇಡವೆಂದು ಬೂದಿಯನ್ನು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿಕೊಟ್ಟರು. ದಾರಿ ಕಂಡರೆ ಬೆಕ್ಕು ವಾಪಸು ಬರುತ್ತದೆ, ಮನೆ ಮುಟ್ಟುವವರೆಗೆ ಬಿಚ್ಚಬೇಡ ಎಂದು ಅತ್ತೆ ಎಚ್ಚರಿಸಿದಳು. ಕಾಶಿಗೆ ಬೂದಿಯ ಬಗ್ಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅದನ್ನು ಅವಳು ಹೇಳಲಿಲ್ಲ.

ಕೆಲವು ದಿನ ಕಳೆದು ಬೆಳಿಗ್ಗೆಯ ದೋಣಿಯಲ್ಲಿ ಚಿತ್ತಾಕುಲದ ಮೀನು ಮಾರುವ ಹೆಂಗಸರು ಬಂದಿಳಿದರು. ಮಂಜಿ ತಲೆಯ ಮೇಲಿನ ಬುಟ್ಟಿ ಇಳಿಸಿ ಕೂಗಿದಳು, "ಹೀರಕ್ಕೋ! ನಿಮ್ಮ ನೆಂಟರು ಬಂದ್ರು! ದೋಣಿಗೆ ದುಡ್ಡೂ ಕೊಡ್ಲಿಲ್ಲ!"

ಬುಟ್ಟಿಯಲ್ಲಿ ಬಂಗಡೆಯ ರಾಶಿಯ ಮೇಲೆ ಬೂದಿ ಕೂತಿತ್ತು. ಒಂದು ಮೀನನ್ನೂ ಮುಟ್ಟಿರಲಿಲ್ಲ. ಇಳಿದು ಬಂದು ಕಾಶಿಯ ಕಾಲಿಗೆ ಮೈ ಉಜ್ಜಿತು.

ಮಧ್ಯಾಹ್ನದ ದೋಣಿಗೆ ಹುಲಿಯಾ ಬಂದ.

"ಚೀಲದ ಬಾಯಿ ಬಿಚ್ಚಿದ್ಯಾ?" ಹೀರತ್ತೆ ಕೇಳಿದಳು.

"ಹೊಳೆ ನಡುವೆ ಬಿಚ್ಚಿದೆ. ನೀರ ಮೇಲೆ ಜೀವ ಕಟ್ಟಿ ಒಯ್ಯೂದಿಲ್ಲ ನಮ್ಮಲ್ಲಿ. ದೋಣಿ ಮಗುಚಿದ್ರೆ ಅದೂ ಈಜಬೇಕಲ್ಲ."

ಅತ್ತೆ ಹಣೆ ಬಡಿದುಕೊಂಡಳು. ಕಾಶಿಗೆ ಮಾತ್ರ ಹೊಳೆಯ ನಡುವೆ ಗಂಟು ಬಿಚ್ಚುವ ಆ ದೊಡ್ಡ ಬೆರಳುಗಳು ಕಣ್ಣಿಗೆ ಕಟ್ಟಿದವು. ದಿನವಿಡೀ ಹೋಗಲಿಲ್ಲ.

"ಇಲಿ ಹಿಡಿತಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಹಿಡಿದದ್ದೆಲ್ಲ ತಂದು ಅಪ್ಪನ ಹಾಸಿಗೇಲಿ ಇಡ್ತದೆ. ಅಪ್ಪನ ಬೈಗುಳ ಕಡಲಿಗೆ ಕೇಳ್ತದೆ."

ಈ ಸಲ ಮೇಲಿನ ಗಟ್ಟೆಯಿಂದ, ಬೇರೆ ದಾರಿಯಲ್ಲಿ, ಬೂದಿಯ ಮುಖ ಮುಚ್ಚಿ ಒಯ್ಯಬೇಕೆಂದು ಅತ್ತೆ ತಾಕೀತು ಮಾಡಿದಳು. ಅವನು ತಲೆಯಾಡಿಸಿ ಚೀಲ ಎತ್ತಿಕೊಂಡು ಹೋದ. ಆ ವಾರವೇ ಬೂದಿ ಮತ್ತೆ ಮಂಜಿಯ ಬುಟ್ಟಿಯಲ್ಲಿ ಬಂದಿಳಿಯಿತು.

"ನಾನು ಹೇಳಿದ್ದೆ," ಎಂದಳು ಹೀರತ್ತೆ. "ಹೆಂಗಸಿಲ್ಲದ ಮನೆ. ಸಾಕು ಇದು. ಸೋಮವಾರ ಅಂಕೋಲಾದವರು ನಿನ್ನ ನೋಡೂಕೆ ಬರ್ತ್ರು. ಗಂಡು ಬೇಲೇಕೇರಿ ದೇವಾನಂದ. ತೆಂಗಿನಕಾಯಿ ತುಂಬ್ಸಿಡೂ ವಖಾರಿ ಅದೆ. ನಿಂಗೆ ಒಪ್ಪಿಗೆಯಾ ಕೇಳಿದ್ರೆ ಬೆಕ್ಕಿನಂಗೆ ಸುಮ್ಮನಿರಬೇಡ. ನೀನು ಸುಮ್ಮನಿದ್ರೆ ಅದನ್ನೇ ಒಪ್ಪಿಗೆ ಅಂತ ತಿಳೀತೆ, ಮಾತು ಕೊಟ್ಟುಬಿಡ್ತೆ."

ಕಾಶಿ ಸುಮ್ಮನಿದ್ದಳು. ಆಮೇಲೆ, ಸುಮ್ಮನಿದ್ದದ್ದಕ್ಕೆ ಹೆದರಿದಳು. ಸೋಮವಾರ ನಾಲಿಗೆ ಹೀಗೇ ಕಚ್ಚಿಕೊಂಡರೆ ತಾನು ಹೊಳೆಯಾಚೆಗಲ್ಲ, ಅಂಕೋಲಾದ ಗಾಡಿ ಹತ್ತಬೇಕು.

ಸೋಮವಾರ ಬೆಳಿಗ್ಗೆ ಹುಲಿಯಾ ಬಂದ. ದೋಣಿಯಿಂದ ಇಳಿಯುವಾಗಲೇ ಅವಳು ನೋಡಿದಳು: ಮರಳಿನ ಮೇಲೆ ಪಳಗಿದ ಆ ನಡಿಗೆ ಇಂದು ಕುಂಟುತ್ತಿತ್ತು. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಕಾಲಿಗೆ ಎಂತಾಯ್ತು?"

"ಎಂತಿಲ್ಲ."

"ಇಲಿ ಕಚ್ಚಿದ್ದು."

ಅವನು ಬೆಚ್ಚಿದ. "ಹೆಂಗೆ ಗೊತ್ತಾಯ್ತು?"

"ಮೊಳೆ ತಾಗಿದ್ರೆ ಅಂಗಾಲಿಗೆ ತಾಗ್ತದೆ. ನಿದ್ದೆ ಮಾಡೂವಾಗ ಇಲಿ ಹೆಬ್ಬೆರಳನ್ನೇ ಕಚ್ಚೂದು. ಕೊಟ್ಟಿಗೇಲಿ ಮಲಗ್ತಿಯಾ?"

"ಬೆಕ್ಕಿಲ್ಲದ ದಿನ ಬಲೆ ಕಾಯೂದು ಯಾರು? ಬೂದಿ ಕೆಲಸ ನಾನೇ ಮಾಡ್ತೆ." ಅವನು ಗಟ್ಟೆಯ ಕಲ್ಲಿನ ಮೇಲೆ ಕೂತ. "ಬಲೆ ಒಂದು ಕಣ್ಣೂ ಹರೀಲಿಲ್ಲ."

"ಹಾಗಾದ್ರೆ ಅತ್ತೆ ಹೇಳ್ದಂಗೆ ಮೇಲಿನ ಗಟ್ಟೆಯಿಂದ ಯಾಕೆ ಹೋಗ್ಲಿಲ್ಲ?"

"ಹೋಗ್ಲಿಲ್ಲ ಅಂತ ಯಾರು ಹೇಳಿದ್ರು?"

"ನಾನು ಇಲ್ಲೇ ನಿಂತು ನೋಡಿದ್ದೆ. ನೀನು ಇದೇ ದೋಣಿ ಹತ್ತಿ, ಚೀಲ ಬಿಚ್ಚಿ, ಅವಳ ತಲೆ ಹೊರಗೆ ತೆಗ್ದು, ಈ ಗಟ್ಟೆ, ಈ ಹೊನ್ನೆ ಮರ ಎಲ್ಲ ಬೆರಳು ಮಾಡಿ ತೋರಿಸ್ದೆ."

ಹುಲಿಯಾನ ಕಿವಿ ಕೆಂಪಾದವು. ಕಡಲಿನಲ್ಲಿ ಹೊಗೆಯುಗುಳುತ್ತ ನಿಂತ ಬೊಂಬಾಯಿ ಆಗಬೋಟಿನ ಕಡೆ ಮುಖ ತಿರುಗಿಸಿದ.

"ಮೊದಲ ಸಲ ಬಿಚ್ಚಿದ್ದು ನಮ್ಮ ಪದ್ಧತಿ," ಎಂದ. "ಎರಡನೇ ಸಲ ಬಿಚ್ಚಿದ್ದು... ಬೂದಿ ವಾಪಸು ಬರ್ದಿದ್ರೆ ನಾನು ಇಲ್ಲಿಗೆ ಎಂತ ಹೇಳ್ಕಂಡು ಬರೂದು ಕಾಶಿ?"

ಅವನ ಬಾಯಲ್ಲಿ ತನ್ನ ಹೆಸರು ಅವಳು ಮೊದಲ ಸಲ ಕೇಳಿದ್ದು. ಅದು ಇಷ್ಟು ಚಂದದ ಹೆಸರೆಂದು ಅವಳಿಗೆ ಗೊತ್ತಿರಲಿಲ್ಲ.

"ನಾನೂ ಒಂದು ಹೇಳ್ತೆ," ಎಂದಳು. "ಬೂದಿ ತಾಯಿ ಸತ್ತ ಮರಿ. ಬಟ್ಟೆ ಚೂರು ಹಾಲಿಗೆ ಅದ್ದಿ ನಾನೇ ಬೆಳೆಸಿದ್ದು. ನಾನಿಲ್ಲದ ಕಡೆ ಅವಳು ನಿಲ್ಲೂದಿಲ್ಲ. ಆ ದಿನವೇ ಗೊತ್ತಿತ್ತು."

"ಗೊತ್ತಿದ್ದೂ ಕೊಟ್ಯಾ?"

"ಇಲಿ ಹಿಡಿಯೂದರಲ್ಲಿ ಅವಳೇ ಮೇಲು, ಅದು ಸುಳ್ಳಲ್ಲ." ಕಾಶಿ ಈಗ ನೆಲ ನೋಡಲಿಲ್ಲ. "ಉಳಿದದ್ದು ನನ್ನ ಲೆಕ್ಕ."

ಅವನು ನಗಲಿಕ್ಕೆ ಹೊರಟವನು ನಗದೆ ಅವಳನ್ನೇ ನೋಡುತ್ತ ಉಳಿದ. ಅಷ್ಟರಲ್ಲಿ ಗೋದಾಮಿನ ಮುಂದೆ ಎತ್ತಿನ ಗಾಡಿ ನಿಂತ ಸದ್ದು ಕೇಳಿತು.

ಜಗಲಿಯಲ್ಲಿ ಅಂಕೋಲಾದವರು ಕೂತಿದ್ದರು: ಗಂಡಿನ ತಂದೆ ಕೇಶವ, ಅವರ ಹೆಂಡತಿ. "ಕಾಶಿ, ಚಾ ತಾ," ಎಂದು ಹೀರತ್ತೆ ಕೂಗಿದಳು.

ಕಾಶಿ ಚಾ ತರಲಿಲ್ಲ. ಬೂದಿಯನ್ನು ಎತ್ತಿಕೊಂಡು ಬಂದಳು. ಹಿಂದೆ ಕುಂಟುತ್ತ ಹುಲಿಯಾ.

ಎದೆಗೊತ್ತಿಕೊಂಡ ಬೆಕ್ಕಿನ ಗುರುಗುರು ಅವಳ ಮೈಯಲ್ಲೆಲ್ಲ ಹರಿಯಿತು.

"ಅತ್ತೆ, ಒಲೆಗೆ ಸುತ್ತು ಬರೂಕೆ ಮನೆ ಹೆಂಗಸೇ ಬೇಕು ಅಂತ ನೀನೇ ಹೇಳಿದ್ದು. ಚಿತ್ತಾಕುಲದ ಆ ಮನೆಗೆ ನಾನು ಹೋಗ್ತೆ. ಬಂದವರಿಗೆ ಬೇಜಾರಾಗೂದು ಬೇಡ. ಅವರ ಹುಡುಗನಲ್ಲಿ ಕುಂದಿಲ್ಲ. ನಾನು ಆಗಲೇ ಆರಿಸಿ ಆಯ್ತು."

ಹೀರತ್ತೆಯ ಅಡಿಕೆಕತ್ತರಿ ಕೈಯಲ್ಲೇ ನಿಂತಿತು. ಅವಳು ಹುಲಿಯಾನ ಕಡೆ ತಿರುಗಿದಳು. "ನೀನೆಂತ ಹೇಳ್ತಿ? ಬೆಕ್ಕಿಗಾಗಿ ನನ್ನ ಹುಡುಗೀನ ಒಯ್ತಿಯಾ?"

"ಅಲ್ಲ ಹೀರಕ್ಕ. ಎರಡನೇ ಸಲದಿಂದ, ಬೆಕ್ಕು ಒಂದು ನೆಪ."

ಮೊದಲು ನಕ್ಕದ್ದು ಕೇಶವನ ಹೆಂಡತಿ. ಆಮೇಲೆ ಕೇಶವ ಮುಂಡಾಸು ಸರಿಮಾಡಿಕೊಳ್ಳುತ್ತ, "ಮದುವೆ ಆದ್ಮೇಲೆ ಹೇಳೂದಕ್ಕಿಂತ ಈಗ ಹೇಳಿದ್ದು ಒಳ್ಳೇದಾಯ್ತು," ಎಂದರು. "ಆದ್ರೆ ಅಷ್ಟು ದೂರ ಬಂದವರು ಬರಿಗೈಲಿ ಹೋಗೂದು ಹೆಂಗೆ? ವಖಾರಿಗೆ ಒಂದು ಬೆಕ್ಕಾದ್ರೂ ಕೊಡಿ. ಓ, ಆ ಹಳದಿದು ಆಗಬಹುದು."

"ಅದು ಇಲಿ ಹಿಡಿಯೂದಿಲ್ಲ," ಎಂದಳು ಕಾಶಿ.

"ನೋಡೂಕೆ ಚಂದ ಅದೆ ಅಲ್ಲನಾ? ನಮ್ಮ ದೇವಾನಂದನಂಗೆ," ಎಂದಳು ಅವನ ತಾಯಿ. ಹೀರತ್ತೆಗೂ ನಗು ತಡೆಯಲಿಲ್ಲ. ಒಲೆ ಹಚ್ಚುವ ಹೆಂಗಸು ಎದುರಿಗೇ ಕೂತಿದ್ದಳು, ಕೊಡಲು ಅಡ್ಡಿಯಿರಲಿಲ್ಲ. ಹಳದಿ ಪಟ್ಟೆಯ ಜಮೀನುದಾರ ಗಾಡಿಯಲ್ಲಿ ಕೂತು ಅಂಕೋಲಾಕ್ಕೆ ಹೋದ.

ಮಳೆ ಹಿಡಿಯುವ ಮುಂಚೆ ಮದುವೆಯಾಯಿತು. ಮದುವೆಯ ದೋಣಿಯಲ್ಲಿ ಬೂದಿ ಕಾಶಿಯ ಮಡಿಲಲ್ಲಿತ್ತು. ಚೀಲವಿಲ್ಲ, ಗಂಟಿಲ್ಲ. ಕೋಡಿಬಾಗ ಹಿಂದೆ ಸರಿಯುವುದನ್ನು ಕಾಶಿ ನೋಡಿದಳು. ಬೂದಿ ನಿದ್ದೆ ಮಾಡುತ್ತಿತ್ತು.

ಮನೆಯೊಳಗೆ ಹೋದರೆ, ಅಡುಗೆಮನೆಯ ನಡುವೆ ಹಸಿ ಮಣ್ಣಿನ ಹೊಸ ಒಲೆ.

"ಹಳೇದು ಗೋಡೆಗೆ ಒತ್ತಿ ಇತ್ತು," ಎಂದ ಹುಲಿಯಾ, ಕೈಯನ್ನು ಎಲ್ಲಿಡುವುದೆಂದು ತಿಳಿಯದೆ. "ಸುತ್ತೂಕೆ ಜಾಗ ಇರ್ಲಿಲ್ಲ. ಅಪ್ಪ, ನಾನು ಸೇರಿ ಕಟ್ಟಿದ್ದು."

ಒಲೆ ಒಂದು ಬದಿಗೆ ವಾಲಿತ್ತು. ಇಷ್ಟು ಸೊಟ್ಟ ಒಲೆಯನ್ನು ಕಾಶಿ ಎಲ್ಲೂ ನೋಡಿರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. ಬೂದಿಯನ್ನು ಎತ್ತಿಕೊಂಡು ಒಲೆಗೆ ಮೂರು ಸುತ್ತು ಬಂದಳು. ಬೂದಿ ಕೆಳಗೆ ಜಿಗಿದು, ಯಾರನ್ನೂ ಕೇಳದೆ ಬಲೆಯ ಕೊಟ್ಟಿಗೆಯ ಕಡೆ ಹೋಯಿತು.

"ಬೆಕ್ಕಿನದ್ದು ಆಯ್ತು," ಎಂದ ಹುಲಿಯಾ. "ಇನ್ನು ನಿಂದು?"

"ಅವಳನ್ನ ಎತ್ಕಂಡು ಸುತ್ತಿದ್ದು ಯಾರು?" ಎಂದಳು ಕಾಶಿ, ಅವನ ಮುಖವನ್ನೇ ನೋಡುತ್ತ. "ನಂದೂ ಆಯ್ತು."