ಚಕ್ಕುಲಿಗೆ ಬಂದ ನಾಚಿಕೆ

ಸಂಶೋಧನಾ ಸಂಸ್ಥೆಯ ಅಂಗಳದ ನಡುವೆ ತಟ್ಟೆಯೊಂದರಲ್ಲಿ ಬೇಯಿಸಿದ ಮಾಂಸವಿತ್ತು. ಅದರೆದುರು ಪ್ರಯೋಗಕ್ಕೆಂದು ಸಾಕಿದ ಕಂದು ಬಣ್ಣದ ನಾಯಿಯೊಂದು ಕುಳಿತಿತ್ತು. ಹತ್ತಿರದಲ್ಲಿ ಕೋಲು ಹಿಡಿದವರಿರಲಿಲ್ಲ, ಬಿಸ್ಕತ್ತಿನ ಚೀಲ ಹಿಡಿದವರೂ ಇರಲಿಲ್ಲ. ನಾಯಿ ಮೆಲ್ಲಗೆ ಮೂಗು ಚಾಚಿತು. ಅದರ ಕೊರಳಿನ ಬೂದು ಪಟ್ಟಿಯಲ್ಲಿ ಸಣ್ಣ ಹಸಿರು ದೀಪವೊಂದು ಮಿನುಗಿ ಆರಿತು. ನಾಯಿ ಕಿರುಚಲಿಲ್ಲ, ಬೆಚ್ಚಲಿಲ್ಲ. ಚಾಚಿದ ಮೂಗನ್ನು ಹಿಂದಕ್ಕೆ ತೆಗೆದುಕೊಂಡಿತು. ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ಅತ್ತಿತ್ತ ಕಣ್ಣಾಡಿಸಿ ತಲೆ ತಗ್ಗಿಸಿತು.

ಗಾಜಿನ ಕಿಟಕಿಯ ಈಚೆ ನಿಂತಿದ್ದ ವಿಜ್ಞಾನಿ ಡಾ. ನಂಜರಾಜ್ ಅಂಗೈ ಉಜ್ಜಿಕೊಂಡರು. "ನೋಡಿದ್ರಾ? ಹೊಡೀಲಿಲ್ಲ, ಬಡೀಲಿಲ್ಲ. ಲಂಚಾನೂ ಕೊಡಲಿಲ್ಲ."

ಪಕ್ಕದಲ್ಲಿದ್ದ ಪುಟ್ಟತಾಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ ಶಿವನೆ, ಹೊಸ ಸೊಸೆ ಹಜಾರದಲ್ಲಿ ಕೂತಂಗೆ ಕೂತದಲ್ಲ ಸಾರ್!"

ನಂಜರಾಜ್ ಗಟ್ಟಿಯಾಗಿ ನಕ್ಕರು. ಅವರ ಹಿಂದೆ ನಿಂತಿದ್ದ ಸಹಾಯಕಿ ವಾರಿಜಾ ನಗಲಿಲ್ಲ.

ಮೈಸೂರಿನ ಬೀದಿಗಳಲ್ಲಿ ಚಾಲಕರಿಲ್ಲದ ಬಂಡಿಗಳು ಓಡತೊಡಗಿದ ಮೇಲೆ ನಾಯಿಗಳ ಕಷ್ಟಕಾಲ ಆರಂಭವಾಗಿತ್ತು. ಒಂದು ನಾಯಿ ಅಡ್ಡ ಬಂದರೆ ಸಾಕು, ಬಂಡಿಗಳೆಲ್ಲ ಸಾಲಾಗಿ ನಿಂತುಬಿಡುತ್ತಿದ್ದವು. ಆದ್ದರಿಂದ ಪ್ರತಿಯೊಂದು ನಾಯಿಯೂ ಸಭ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ನಗರಾಡಳಿತ ಕಾನೂನು ಮಾಡಿತು. ಫೇಲಾದ ನಾಯಿಗಳನ್ನು ಊರಾಚೆಯ ಶ್ವಾನಧಾಮಕ್ಕೆ ಒಯ್ಯುತ್ತಿದ್ದರು. ಅಲ್ಲಿಂದ ಮನೆಗೆ ಮರಳಿದ ನಾಯಿಯನ್ನು ಯಾರೂ ಕಂಡಿರಲಿಲ್ಲ.

ಪುಟ್ಟತಾಯಮ್ಮ ಹಳೆಯ ಅಗ್ರಹಾರದ ಪಕ್ಕದಲ್ಲಿ ಮೆಸ್ ನಡೆಸುತ್ತಿದ್ದರು. ಮಕ್ಕಳಿಲ್ಲದ ಅವರಿಗೆ ಮೆಸ್ಸಿನ ಬಾಗಿಲಲ್ಲಿ ಸಿಕ್ಕ ಮರಿಯೇ ಮನೆಯವರೆಲ್ಲ ಆಗಿತ್ತು. ಸುರುಳಿ ಬಾಲದಿಂದಾಗಿ ಅದಕ್ಕೆ ಚಕ್ಕುಲಿ ಎಂಬ ಹೆಸರು ಬಂದಿತ್ತು. ಗಿರಾಕಿಗಳ ಎಲೆಗೆ ಬಾಯಿ ಹಾಕುವುದರಲ್ಲಿ ಅದಕ್ಕೆ ಸಮಾನರಿರಲಿಲ್ಲ. ಮೊದಲ ಪರೀಕ್ಷೆಗೆಂದು ಬಂದ ಅಧಿಕಾರಿ ಅಲ್ಲಿಯೇ ಊಟಕ್ಕೆ ಕುಳಿತಾಗ, ಅವರ ಎಲೆಯ ಮೊಟ್ಟೆಯನ್ನೇ ಎತ್ತಿಕೊಂಡು ಓಡಿತ್ತು. ಉಳಿದದ್ದು ಇನ್ನೊಂದೇ ಅವಕಾಶ.

"ಊರಿಂದ ಬಂದಿದ್ದ ನಮ್ ಬಾವನೋರು ಕೋಲು ತಕೊಂಡು ಬಾರಿಸಿದ್ರು," ಎಂದರು ಪುಟ್ಟತಾಯಮ್ಮ. "ಅವರ ಮುಂದೆ ಸನ್ಯಾಸಿ ಹಂಗೆ ಕೂತಿರ್ತದೆ. ಅವರು ಅತ್ಲಾಗ್ ಹೋದ್ರೆ ಇತ್ಲಾಗೆ ಬೋಂಡ ಮಾಯ."

"ಅದೇ ದಂಡಕ್ರಮದ ತೊಂದರೆ," ಎಂದರು ನಂಜರಾಜ್. "ಕೋಲು ಕೆಲಸ ಮಾಡುತ್ತೆ ತಾಯಿ, ಕೋಲು ಕಾಣೋವರೆಗೆ."

ಈ ವಿಷಯದಲ್ಲಿ ಅವರ ಸಂಸ್ಥೆ ಬಹುಕಾಲ ಪ್ರಯೋಗ ನಡೆಸಿತ್ತು. ಒಂದು ಗುಂಪಿನ ನಾಯಿಗಳಿಗೆ ಕುಟುಕುಪಟ್ಟಿ ಕಟ್ಟಲಾಗಿತ್ತು. ತಪ್ಪು ಮಾಡಿದ ಕೂಡಲೇ ಅದು ಸಣ್ಣ ವಿದ್ಯುತ್ತಿನಿಂದ ಕುಟುಕುತ್ತಿತ್ತು. ಆ ನಾಯಿಗಳು ಬೇಗ ಕಲಿತವು. ಆದರೆ ಕಲಿಸುವವರ ಚಪ್ಪಲಿ ಸದ್ದು ಕೇಳಿದರೆ ಮೂಲೆ ಸೇರುತ್ತಿದ್ದವು. ಕೆಲವು, ಯಾರೂ ಏನೂ ಮಾಡದಿದ್ದರೂ ಕಚ್ಚತೊಡಗಿದವು. ಇನ್ನೊಂದು ಗುಂಪಿಗೆ ಬಹುಮಾನಕ್ರಮ: ಸರಿಯಾದ ಕೆಲಸ ಮಾಡಿದ ಆ ಕ್ಷಣದಲ್ಲಿ ಒಂದು ತುಣುಕು ತಿನಿಸು, ಒಂದು 'ಭೇಷ್'. ತಪ್ಪಿದರೆ ಏನೂ ಇಲ್ಲ, ಮತ್ತೊಮ್ಮೆ ಪ್ರಯತ್ನ. ಆ ಗುಂಪನ್ನು ನೋಡಿಕೊಂಡವಳು ವಾರಿಜಾ. ಮನುಷ್ಯರ ಮುಂದೆ ಮಾತು ಹೊರಡದ ಅವಳು ನಾಯಿಗಳ ಮುಂದೆ ದಿನವಿಡೀ ಮಾತನಾಡುತ್ತಿದ್ದಳು. ಅವು ನಿಧಾನವಾಗಿ ಕಲಿತವು, ಆದರೆ ಕಲಿತದ್ದನ್ನು ಬಿಡಲಿಲ್ಲ. ತಿನಿಸನ್ನು ಕ್ರಮೇಣ ಕಡಿಮೆ ಮಾಡಿದಾಗಲೂ ಬಾಲ ಅಲ್ಲಾಡಿಸುತ್ತಲೇ ಹೇಳಿದ ಮಾತು ಕೇಳಿದವು. ಎರಡರಲ್ಲಿ ಯಾವುದು ಮೇಲು ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಆದರೆ ಅದಕ್ಕೆ ತಾಳ್ಮೆ ಬೇಕಿತ್ತು. ಕಾನೂನು ಕೊಟ್ಟ ಗಡುವಿನಲ್ಲಿ ತಾಳ್ಮೆಗೆ ಜಾಗವಿರಲಿಲ್ಲ.

"ಅದಕ್ಕೇ ಮೂರನೇ ದಾರಿ," ಎಂದರು ನಂಜರಾಜ್, ಬೂದು ಪಟ್ಟಿಯನ್ನು ಬೆರಳಿಗೆ ಸುತ್ತುತ್ತ. "ಲಜ್ಜಾಪಟ್ಟಿ. ನಾವು ನೀವು ಪಕ್ಕದವರ ಎಲೆಗೆ ಕೈ ಹಾಕಲ್ಲ, ಯಾಕೆ? ಪೊಲೀಸ್ ಹಿಡೀತಾರೆ ಅಂತಾನಾ? ಮಿಠಾಯಿ ಕೊಡ್ತಾರೆ ಅಂತಾನಾ? ನಾಚಿಕೆ ತಾಯಿ, ನಾಚಿಕೆ! ನಾಯಿಗೆ ಇಲ್ಲದ್ದು ಅದೊಂದೇ."

"ಅಲ್ಲ ಸಾರ್, ಬೈದ್ರೆ ನಮ್ ಚಕ್ಕುಲಿ ತಲೆ ತಗ್ಗಿಸ್ತದಲ್ಲ?"

"ಅದು ನಾಚಿಕೆ ಅಲ್ಲ, ಬರೀ ಹೆದರಿಕೆ. ಮಿದುಳನ್ನ ಅಳೆದು ನೋಡಿದ್ದೀವಿ. ಹಾಗಾಗಿ ನಾಚಿಕೆಯನ್ನ ಹೊರಗಿನಿಂದಲೇ ತರಬೇಕಾಯ್ತು."

ಎಲ್ಲಿಂದ ತಂದರು ಎಂಬುದನ್ನು ಅವರು ಹೇಳಲಿಲ್ಲ. ಮನುಷ್ಯರ ಮಿದುಳಿನಲ್ಲಿ ನಾಚಿಕೆ ಎದ್ದಾಗ ಉಂಟಾಗುವ ಅಲೆಗಳನ್ನು ದಾಖಲಿಸಿದರೆ ಒಂದು ಭಾವಮುದ್ರೆ ಸಿಗುತ್ತದೆ. ಪಟ್ಟಿಯು ಅದನ್ನೇ ನಾಯಿಯ ಮಿದುಳಿಗೆ ಒತ್ತುತ್ತದೆ. ಮುದ್ರೆಗಾಗಿ ಸಂಸ್ಥೆಯವರೆಲ್ಲ ಒಬ್ಬೊಬ್ಬರಾಗಿ ತಂತಿಗಳ ಟೋಪಿ ಹಾಕಿಕೊಂಡು ಕುಳಿತಿದ್ದರು. ನಂಜರಾಜರ ಸರದಿಯಲ್ಲಿ ಮಾಪಕದ ಮುಳ್ಳು ಅಲುಗಲೇ ಇಲ್ಲವೆಂದು ಎಲ್ಲರೂ ಇಂದಿಗೂ ನಗುತ್ತಿದ್ದರು. ವಾರಿಜಾ ಕುರ್ಚಿಯಲ್ಲಿ ಕೂರುತ್ತಿದ್ದಂತೆಯೇ ಮುಳ್ಳು ಮೇಲೇರಿತ್ತು. "ಏನಾದರೂ ನೆನಪಿಸಿಕೊಳ್ಳಮ್ಮ," ಎಂದಾಗ ಅವಳಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ. ಚಿಕ್ಕವಳಿದ್ದಾಗ ಮದುವೆಯ ಪಂಕ್ತಿಯಲ್ಲಿ ಅವಳು ಇನ್ನೊಂದು ಹೋಳಿಗೆ ಕೇಳಿದ್ದಳು. ಬಡಿಸುತ್ತಿದ್ದ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು, "ನಾಚಿಕೆ ಆಗಲ್ವೇನೇ ಹೆಣ್ಣೇ? ಹಿಂಗ್ ಕೇಳಿ ಕೇಳಿ ತಿಂತಾರಾ?" ಎಂದಿದ್ದಳು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ನಗು ಹರಿದಿತ್ತು. ಅವಳು ಬೆಳೆದ ಮನೆಯಲ್ಲಿ ಯಾರೂ ಅವಳ ಮೇಲೆ ಕೈ ಮಾಡಿದವರಲ್ಲ, ಭೇಷ್ ಎಂದವರೂ ಅಲ್ಲ. ಆ ಒಂದು ಮಾತಿನಲ್ಲೇ ಅವಳನ್ನು ಬೆಳೆಸಿದ್ದರು. ಇಂದಿಗೂ ಯಾರಾದರೂ ನೋಡುತ್ತಿದ್ದರೆ ತುತ್ತು ಅವಳ ಗಂಟಲಿನಿಂದ ಇಳಿಯುತ್ತಿರಲಿಲ್ಲ.

ಈಗ ಆ ಮುದ್ರೆ ಎಲ್ಲ ಪಟ್ಟಿಗಳಲ್ಲೂ ಇತ್ತು.

"ಸಾರ್," ಎಂದಳು ವಾರಿಜಾ, ನೆಲ ನೋಡುತ್ತ. "ಇವರ ನಾಯಿ ಚುರುಕಾಗಿದೆ. ಬಹುಮಾನಕ್ರಮದಲ್ಲೇ ಕಲಿಸಬಹುದು... ಗಡುವು ಮುಂದೂಡಿ ಅಂತ ಒಂದು ಅರ್ಜಿ ಕೊಟ್ರೆ..."

ನಂಜರಾಜ್ ಹುಬ್ಬೇರಿಸಿದರು. ಅಷ್ಟೇ. ವಾರಿಜಾ ಮಾತು ನುಂಗಿಕೊಂಡು, ತಾನೇ ಮುಂದೆ ಹೋಗಿ ಬಾಗಿಲ ಬಳಿ ಕಟ್ಟಿದ್ದ ಚಕ್ಕುಲಿಯ ಕೊರಳಿಗೆ ಪಟ್ಟಿ ಬಿಗಿದಳು. ಅದು ಅವಳ ಕೈ ನೆಕ್ಕಿತು.

ಚಕ್ಕುಲಿ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಅದೇ ಅಧಿಕಾರಿ ಮೊಟ್ಟೆಯನ್ನು ಅದರ ಮೂಗಿನ ಬಳಿ ಆಡಿಸಿದರೂ ಅದು ಗೋಡೆ ನೋಡುತ್ತ ಕುಳಿತಿತ್ತು. ಪುಟ್ಟತಾಯಮ್ಮ ಅಂದು ಬಂದವರಿಗೆಲ್ಲ ಪಾಯಸ ಬಡಿಸಿದರು. "ನನ್ ಮಗನ ಅಳತೆಗೂ ಒಂದು ಪಟ್ಟಿ ಹೊಲಿಸಿಕೊಡ್ರವ್ವ," ಎಂದು ಗಿರಾಕಿಯೊಬ್ಬ ಕೂಗಿದಾಗ, "ಮೊದ್ಲು ಅವರಪ್ಪನ ಅಳತೆಗೆ ಹೊಲಿಸ್ತೀನಿ, ಹೋದ ತಿಂಗಳ ಬಾಕಿ ನೆಪ್ಪಾಗ್ಲಿ," ಎಂದು ಇಡೀ ಮೆಸ್ಸನ್ನೇ ನಗಿಸಿದರು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವರು ಸಂಸ್ಥೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನಲ್ಲಿ ಸುತ್ತಿದ ಹಾಲಿನ ಬಟ್ಟಲು ಹಾಗೆಯೇ ಕೈಯಲ್ಲಿತ್ತು.

"ಮೇಡಂ, ಚಕ್ಕುಲಿ ಪಾಸಾಯ್ತು, ಸರಿ. ಆದ್ರೆ ಅನ್ನ ಬಿಟ್ಬುಡ್ತು ಕಣವ್ವ. ಪಟ್ಟಿ ಬಿಚ್ಚಿದ್ದಾಯ್ತು. ಡಾಕ್ಟ್ರು ಸೂಜಿ ಚುಚ್ಚಿ ನೀರು ಬಿಟ್ಟವ್ರೆ. 'ಕಾಯಿಲೆ ಏನೂ ಇಲ್ಲ, ಹಿಂಗೇ ಉಪವಾಸ ಇದ್ರೆ ಉಳಿಯಕಿಲ್ಲ' ಅಂತಾರೆ. ಏನ್ ಮಾಡಿದ್ರಿ ನನ್ ಮಗೀಗೆ?"

ವಾರಿಜಾ ಅವರೊಡನೆ ಹೋದಳು. ಚಕ್ಕುಲಿ ಮೆಸ್ಸಿನ ರುಬ್ಬುವ ಕಲ್ಲಿನ ಹಿಂದೆ ಮುದುರಿಕೊಂಡಿತ್ತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಅವಳು ಬಹುಮಾನಕ್ರಮದ ತಿನಿಸುಗಳನ್ನೆಲ್ಲ ಮುಂದಿಟ್ಟು ನೋಡಿದಳು. "ಭೇಷ್ ಚಕ್ಕುಲಿ," ಎಂದಳು. ಹೊಗಳಿದಷ್ಟೂ ಅದು ಗೋಡೆಗೆ ಒತ್ತಿಕೊಂಡಿತು. ಬಾಗಿಲು ಮುಚ್ಚಿ ಒಂಟಿಯಾಗಿ ಬಿಟ್ಟು ನೋಡಿದರು. ಮರಳಿ ಬಂದಾಗ ಬಟ್ಟಲು ಹಾಗೆಯೇ ಇತ್ತು.

"ಯಾರೂ ಇಲ್ದಿದ್ರೂ ಯಾಕೆ ಉಣ್ಣಾಕಿಲ್ಲ?" ಎಂದರು ಪುಟ್ಟತಾಯಮ್ಮ.

ವಾರಿಜಾಳಿಗೆ ಉತ್ತರ ಗೊತ್ತಿತ್ತು. ಕೋಲಿಗೆ ಹಿಡಿಯುವ ಕೈ ಬೇಕು, ಬಹುಮಾನಕ್ಕೆ ಕೊಡುವ ಕೈ ಬೇಕು. ನಾಚಿಕೆಗೆ ಕೈಯೇ ಬೇಡ, ನೋಡುವ ಕಣ್ಣು ಸಾಕು. ಕೆಲವು ದಿನ ಕಳೆದರೆ ಆ ಕಣ್ಣುಗಳು ಒಳಗೇ ಬಂದು ಕುಳಿತುಬಿಡುತ್ತವೆ. ತಲೆಯನ್ನು ಗೋಡೆಗೆ ತಿರುಗಿಸಿ, ಒಂದೇ ಕಣ್ಣಿನ ಅಂಚಿನಿಂದ ಯಾರು ನೋಡುತ್ತಿದ್ದಾರೆಂದು ಅಳೆಯುವ ಆ ಭಂಗಿ ನಾಯಿಯದ್ದಾಗಿರಲಿಲ್ಲ. ಮದುವೆಮನೆಗಳಲ್ಲಿ ಅವಳು ಕೂರುತ್ತಿದ್ದುದೇ ಹಾಗೆ.

"ಅದು ನನ್ನದು ಅಮ್ಮ," ಎಂದಳು. "ಆ ಪಟ್ಟಿಯಲ್ಲಿ ಇರೋ ನಾಚಿಕೆ ನನ್ನದು."

ಸಂಸ್ಥೆಗೆ ಮರಳಿ, ನಂಜರಾಜರ ಎದುರು ನಿಂತು ಚಕ್ಕುಲಿಯ ಸ್ಥಿತಿ ಹೇಳಿದಳು. ಅವರು ತಲೆ ಎತ್ತಲಿಲ್ಲ. "ಬೇರೆ ಕಡೆಯಿಂದಲೂ ಇಂಥ ದೂರು ಎರಡು ಮೂರು ಬಂದಿವೆ. ಶಕ್ತಿ ಸ್ವಲ್ಪ ಇಳಿಸೋಣ. ಊರೆಲ್ಲ ನಮ್ಮನ್ನ ಹೊಗಳ್ತಿದೆಯಮ್ಮ, ನಾಯಿಗಳೂ ಮಾನವಂತವಾದವು ಅಂತ."

"ನನ್ನ ಮುದ್ರೆ ಅಳಿಸಿಬಿಡಿ ಸಾರ್. ನನ್ನ ಒಪ್ಪಿಗೆ ವಾಪಸ್ ತಗೋತೀನಿ."

ಅವರು ಈಗ ತಲೆ ಎತ್ತಿದರು. ಅವರಿಗೆ ಕೋಪ ಬಂದಿರಲಿಲ್ಲ. "ತಗೋ. ಅದು ನಿನ್ನ ಹಕ್ಕು. ಬೇರೆಯವರು ಸಿಗ್ತಾರೆ ಬಿಡು. ಈ ಊರಲ್ಲಿ ನಾಚಿಕೆಗೆ ಬರವೇ?"

ಮೊದಲ ದಿನವೇ ಇದೇ ಬಾಯಿ ತೆರೆದಿದ್ದರೆ ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಅವಳು ನೇರವಾಗಿ ಮೆಸ್ಸಿಗೆ ಹೋದಳು.

ಮಧ್ಯಾಹ್ನದ ಊಟದ ಹೊತ್ತು, ಮೆಸ್ ಕಿಕ್ಕಿರಿದಿತ್ತು. ವಾರಿಜಾ ರುಬ್ಬುವ ಕಲ್ಲಿನ ಪಕ್ಕದಲ್ಲಿ, ನೆಲದ ಮೇಲೆ, ಎಲ್ಲರಿಗೂ ಕಾಣುವಂತೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಳು. "ಅಮ್ಮ, ನನಗೊಂದು ಎಲೆ ಹಾಕಿ. ಚಕ್ಕುಲಿಗೂ ಒಂದು."

"ಒಳಗೆ ಅಡಿಗೆಮನೇಲಿ ಕೂತ್ಕಳವ್ವ. ಜನ ನೋಡ್ತಾರೆ."

"ನೋಡಲಿ."

ಎರಡೂ ಎಲೆಗೆ ಬಡಿಸಿದ ಮೇಲೆ ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ತುತ್ತು. ಚಕ್ಕುಲಿ ಒಂದು ಕಣ್ಣಿನ ಅಂಚಿನಿಂದ ಅವಳನ್ನೇ ನೋಡುತ್ತಿತ್ತು. ಎಲೆ ಬರಿದಾದಾಗ ಅವಳು ಉಸಿರೆಳೆದುಕೊಂಡು ಕೂಗಿದಳು: "ಅಮ್ಮಾ, ಇನ್ನೊಂದು ಮುದ್ದೆ ಹಾಕಿ! ಮೊಟ್ಟೆನೂ ಬೇಕು!"

ಧ್ವನಿ ನಡುವೆ ಒಡೆದು ಕೀರಲಾಯಿತು. "ನೋಡಕ್ಕೆ ಹಂಚಿಕಡ್ಡಿ ಹಂಗವ್ರೆ, ಎರಡನೇ ಮುದ್ದೆ ಕೇಳ್ತಾವ್ರಲ್ಲಪ್ಪೋ!" ಎಂದ ಒಬ್ಬ. ನಗು ಈ ಮೇಜಿನಿಂದ ಆ ಮೇಜಿಗೆ ಹರಿಯಿತು. ವಾರಿಜಾಳ ಮುಖ ಸುಟ್ಟಂತಾಯಿತು. ಎದ್ದು ಓಡಬೇಕೆನಿಸಿತು. ಕಾಲು ಮಡಿಸಿಕೊಂಡೇ ಕುಳಿತಳು.

ಆಗ ಚಕ್ಕುಲಿ ಮೆಲ್ಲನೆ ಮುಖವನ್ನು ಅತ್ತ ತಿರುಗಿಸಿತು.

ನಗುವಿಗೆ ಹೆದರಿತು ಎಂದುಕೊಂಡಳು. ಆದರೆ ಹೆದರಿದ ನಾಯಿಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಇದರ ಕಿವಿ ಚಪ್ಪಟೆಯಾಗಿರಲಿಲ್ಲ, ಬಾಲ ಕಾಲ ಸಂದಿಗೆ ಹೋಗಿರಲಿಲ್ಲ. ಅದು ತನ್ನ ಮುಖವನ್ನು ಅಡಗಿಸುತ್ತಿರಲಿಲ್ಲ. ಬೇಕೆಂದೇ ಅವಳನ್ನು ನೋಡದೆ ಇತ್ತು. ಉಣ್ಣುವಾಗ ಎಲ್ಲರೂ ನೋಡಿದರೆ ಹೇಗಿರುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದ ಇನ್ನೊಂದು ಜೀವ ಅದೊಂದೇ. ತನ್ನಿಂದಾದಷ್ಟನ್ನು ಅದು ಮಾಡಿತ್ತು: ಎರಡು ಕಣ್ಣುಗಳನ್ನು ಕಡಿಮೆ ಮಾಡಿತ್ತು. ಮದುವೆಯ ಅಷ್ಟು ದೊಡ್ಡ ಪಂಕ್ತಿಯಲ್ಲಿ ಅಂದು ಒಬ್ಬರೂ ಅವಳಿಗೆ ಅಷ್ಟು ಮಾಡಿರಲಿಲ್ಲ.

ವಾರಿಜಾಳ ಕಣ್ಣು ತುಂಬಿತು. ಅವಳು ಎಲೆಯನ್ನೆಳೆದುಕೊಂಡು, ಚಕ್ಕುಲಿಗೆ ಬೆನ್ನು ಮಾಡಿ ಕುಳಿತಳು. ಬೆನ್ನಿಗೆ ಅದರ ಮೈಯ ಬಿಸಿ ತಾಗುತ್ತಿತ್ತು. ಎಲೆಗೆ ಬಿದ್ದ ಎರಡನೇ ಮುದ್ದೆಯನ್ನು ಮುರಿದಳು. ಉಂಡಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆನ್ನ ಹಿಂದೆ, ಎಲೆಯನ್ನು ನಾಲಿಗೆ ನೆಕ್ಕುವ ಸಣ್ಣ ಒದ್ದೆ ಸದ್ದು ಕೇಳಿಸಿತು.

ಸಾರಿನ ಸೌಟು ಹಿಡಿದು ಬಂದ ಪುಟ್ಟತಾಯಮ್ಮ ನಿಂತಲ್ಲೇ ನಿಂತರು. "ಅಯ್ಯೋ ನನ್ ಕಂದ..." ಎಂದು ಬಾಯಿ ತೆರೆಯುವಷ್ಟರಲ್ಲಿ ವಾರಿಜಾ ಎಂಜಲು ಕೈಯನ್ನೇ ಮೇಲೆತ್ತಿದಳು.

"ಹೊಗಳಬೇಡಿ ಅಮ್ಮ," ಎಂದು ಪಿಸುಗುಟ್ಟಿದಳು. "ನೋಡಲೂಬೇಡಿ."

ಪುಟ್ಟತಾಯಮ್ಮ ಒಂದು ಕ್ಷಣ ಅವಳನ್ನು ನೋಡಿದರು. ಕಣ್ಣೊರೆಸಿಕೊಂಡು ಗಿರಾಕಿಗಳ ಕಡೆ ತಿರುಗಿ, ತಗ್ಗಿದ ಆದರೆ ಯಾರೂ ಮೀರಲಾಗದ ಧ್ವನಿಯಲ್ಲಿ ಗದರಿದರು: "ಎಲ್ರೂ ಅತ್ಲಾಗ್ ತಿರಿಕ್ಕಳಿ. ಹೂಂ, ನೀನೂವೆ. ಇಲ್ಲಿ ಊಟ ಮಾಡ್ತಾವ್ರೆ."

ಬೆಂಚುಗಳು ಕಿರುಗುಟ್ಟಿದವು. ಆಮೇಲೆ ಒಳಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ಬೆರಗಾಗಿ ನಿಂತುಬಿಟ್ಟರು. ತುಂಬಿದ ಮೆಸ್ಸಿನಲ್ಲಿ ಪ್ರತಿಯೊಬ್ಬರೂ ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಮುಖ ಮಾಡಿ, ಮಾತಿಲ್ಲದೆ ಉಣ್ಣುತ್ತಿದ್ದರು.