ಬಾಯ್ಲರ್ ಮನೆಯಲ್ಲಿ ಬಾರಿಸದ ಗಂಟೆ

2012ನೇ ಇಸವಿ ಅಕ್ಟೋಬರ್ 26, ಶುಕ್ರವಾರ, ಬೆಳಗಿನ ಏಳು ಗಂಟೆ ಹತ್ತು ನಿಮಿಷ. ಜಮಖಂಡಿಯ ನಮ್ಮ ಓಣಿಗೆ ನಳದ ನೀರು ಬಂದಿತ್ತು. ನಾನು ಬಾಡಿಗೆಗಿದ್ದ ಮನೆಯ ಒಡತಿ ಸುಹಾಸಿನಿಬಾಯಿ ಗಲಗಲಿಯವರು ಅಂಗಳದಲ್ಲಿ ಕೊಡ ತುಂಬಿಸುತ್ತಲೇ, ಕಟ್ಟೆಯ ಮೇಲೆ ಅಳುತ್ತ ಕುಳಿತಿದ್ದ ಹೆಂಗಸಿನ ಮಾತು ಕೇಳುತ್ತಿದ್ದರು.

ಸುಹಾಸಿನಿಬಾಯಿ ಟೆಲಿಫೋನ್ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಪೊಲೀಸರಿಗೆ ಬಗೆಹರಿಯದ ಸಂಗತಿಗಳು ಅವರ ಕಟ್ಟೆಗೆ ಬರುತ್ತಿದ್ದವು. ದಡ್ಡರ ಬಗ್ಗೆ ಅವರಿಗಿದ್ದ ತಿರಸ್ಕಾರ ಊರಿಗೆಲ್ಲ ಗೊತ್ತಿತ್ತು. ಆದರೂ ಜನ ಬರುತ್ತಿದ್ದರು. ಬೈಸಿಕೊಂಡವರೂ ಉತ್ತರ ಪಡೆದೇ ಹೋಗುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಪಾಲಿಗೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿರುಗುವ ಕೆಲಸ ಬಂದಿತ್ತು.

ಬಂದಿದ್ದಾಕೆ ಸರಿತಾ, ಹುನ್ನೂರಿನ ಶಾಲೆಯ ಶಿಕ್ಷಕಿ. ಆಕೆಯ ಗಂಡ ತುಕಾರಾಮ ಮುಧೋಳ ತಾಲ್ಲೂಕಿನ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯ ಪಂಪ್ ಆಪರೇಟರ್. ಘಟಪ್ರಭೆಯ ದಂಡೆಯಲ್ಲಿ, ಮೊಬೈಲ್ ಸಿಗ್ನಲ್ ಸಿಗದ ತಗ್ಗಿನಲ್ಲಿ ಅವನ ಪಂಪ್ ಮನೆ. ಸುದ್ದಿ ಮುಟ್ಟಿಸಲು ಕಾರ್ಖಾನೆಯ ಫೋನೊಂದೇ ಗತಿ. ಮಂಗಳವಾರ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಧ್ಯಾಹ್ನ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಪ್ರದೀಪನ ಸಮಾರಂಭ. ಬೆಂಕಿ ಹೊತ್ತಿಸಿ ಭಾಷಣಗಳು ನಡೆದಿದ್ದಾಗ ನದಿಯ ಪಂಪ್ ನಿಂತಿತ್ತು, ಬಾಯ್ಲರಿನಲ್ಲಿ ನೀರು ಇಳಿದಿತ್ತು, ಕೊಳವೆಯೊಂದು ಒಡೆದಿತ್ತು. ಬಾಯ್ಲರ್ ಕಾಯುವ ಭೀಮಪ್ಪ ಉಗಿಯಲ್ಲಿ ಬೆಂದು ಸತ್ತಿದ್ದ.

"ಪಂಪ್ ನಿಂತಿದ್ದನ್ನ ಇವರು ಫೋನ್ ಮಾಡಿ ತಿಳಸಲಿಲ್ಲಂತ್ರಿ," ಎಂದಳು ಸರಿತಾ. "ಮಲಕೊಂಡಿದ್ರಂತ. ಈಗ ಸ್ಟೇಷನ್ನಾಗ ಕುಂಡ್ರಿಸ್ಯಾರ. ಸಂಜಿಗೆ ಅರೆಸ್ಟ್ ಮಾಡ್ತಾರಂತ."

"ಅಂವಾ ಏನಂತಾನ?"

"ಫೋನ್ ಹಚ್ಚೇನಿ ಅಂತಾರ್ರಿ, ಮ್ಯಾಲಿಂದ ಮ್ಯಾಲೆ. ಗಂಟೀನ ಬಾರಿಸಲಿಲ್ಲಂತ. ನಂಬರ್ ಒತ್ತಿದ ಕೂಡ್ಲೆ ಟೂಂಟೂಂಟೂಂ ಅಂತ ಗಡಿಬಿಡಿಲೆ ಬಡಕೊಂಡು ಕಟ್ ಆತಂತ. ಅಂಥಾ ಸಪ್ಪಳಾ ಎಂದೂ ಕೇಳಿಲ್ಲ ಅಂತಾರ. ಕಡೀಕೆ ಓಡಿದ್ರು. ಮುಟ್ಟೂದ್ರಾಗ ಎಲ್ಲಾ ಮುಗದಿತ್ತು."

ಸುಹಾಸಿನಿಬಾಯಿ ನಳ ನಿಲ್ಲಿಸಿದರು. ಕೊಡ ಅರ್ಧವೇ ತುಂಬಿತ್ತು.

"ಸರಿತಾ, ಕಣ್ಣೀರ ಒರಸ್ಕೋ. ನಿನ್ನ ಗಂಡ ಫೋನ್ ಹಚ್ಚ್ಯಾನ. ಸುಳ್ಳು ಹೇಳಾಂವ ಆಗಿದ್ರ 'ಗಂಟಿ ಬಾರಿಸಿತು, ಯಾರೂ ಎತ್ತಲಿಲ್ಲ' ಅಂತಿದ್ದ. ಮಾಸ್ತರ, ಗಾಡಿ ತಗೀರಿ."

ಕಾರ್ಖಾನೆಯ ಜನರಲ್ ಮ್ಯಾನೇಜರ್ ನೀಲಕಂಠ ಸಾಹೇಬರು ನಮ್ಮನ್ನು ಎದ್ದು ಸ್ವಾಗತಿಸಲಿಲ್ಲ. ಅವರ ಹಿಂದಿನ ಗೋಡೆಯ ಮೇಲೆ ಅವರದೇ ಫೋಟೋಗಳಿದ್ದವು: ಶಾಲು ಹೊದೆಯುತ್ತಿರುವ ಸಾಹೇಬರು, ಶಾಲು ಹೊದಿಸುತ್ತಿರುವ ಸಾಹೇಬರು. ಸತ್ತವನ ಹೆಸರು ಕೇಳಿದಾಗ ಅವರು ನೆನಪಿಸಿಕೊಳ್ಳಲು ಚಾವಣಿ ನೋಡಿದರು.

"ನಮ್ಮ ಫೋನ್ ವ್ಯವಸ್ಥಾ ಇಡೀ ಜಿಲ್ಲಾದಾಗ ಯಾರ ಹತ್ರಾನೂ ಇಲ್ಲ," ಎಂದರು. "ಅದು ಕೆಡಂಗಿಲ್ಲ. ಅವತ್ತ ಸಂಜೀಮುಂದ ನಾನ ಸ್ವತಃ ಇದೇ ಫೋನಿಂದ ಗೇಟಿಗೆ ಮಾತಾಡೇನಿ. ಪಂಪಿನಾಂವ ನಿದ್ದಿ ಹೊಡದಾನ. ಕೂಲಿ ಮಂದೀನ ನಂಬಬಾರದು ಬಾಯಿ."

"ಆ ಮಷೀನಿನ ನೆನಪು ತಗದು ನೋಡಿದ್ರ ಗೊತ್ತಾಗತೈತಲ್ಲ?"

"ಕರೆಂಟ್ ಹೋಗಿತ್ತು. ಎಲ್ಲಾ ಅಳಿಸೇತಿ. ನಮ್ಮ ಹುಡುಗನ್ನ ಕೇಳ್ರಿ."

ಹುಡುಗನೆಂದರೆ ನೆಟ್‌ವರ್ಕ್ ಇಂಜಿನಿಯರ್ ಪ್ರಥಮೇಶ, ಬನಹಟ್ಟಿಯ ನೇಕಾರರ ಮನೆಯವನು. ಮೂರು ದಿನದಿಂದ ಊಟ ಬಿಟ್ಟವನಂತೆ ಕಾಣುತ್ತಿದ್ದ. ಅವನು ವಿವರಿಸಿದ್ದು ಇಷ್ಟು: ಕಾರ್ಖಾನೆಯ ಪ್ರತಿ ಕರೆಯೂ ಸೆಷನ್ ಕಂಟ್ರೋಲರ್ ಎಂಬ ಪೆಟ್ಟಿಗೆಯ ಮೂಲಕ ಹೋಗಬೇಕು. ಆ ಪೆಟ್ಟಿಗೆ ತಾನಾಗಿ ತೀರ್ಮಾನ ಮಾಡುವುದಿಲ್ಲ. ಪಾಲಿಸಿ ಸರ್ವರ್ ಎಂಬ ಇನ್ನೊಂದು ಯಂತ್ರಕ್ಕೆ ಜಾಲದ ಮೂಲಕ ಕೇಳುತ್ತದೆ, ಈ ಕರೆ ಬಿಡಲೋ ಬೇಡವೋ ಎಂದು. ಅದು ಹೂಂ ಅಂದರೆ ಮಾತ್ರ ಗಂಟೆ ಬಾರಿಸುತ್ತದೆ.

"ಅಂದ್ರ ವಾಡೇದ ಬಾಗಲಾ ಕಾಯೋ ಆಳು ಇದ್ದಂಗ," ಎಂದರು ಸುಹಾಸಿನಿಬಾಯಿ. "ಒಳಗ ಕೇಳಿ ಬಿಡತಾನ. ಒಳಗಿನ ಯಜಮಾನ ಜವಾಬ ಕೊಡದಿದ್ರ?"

"ಅದಕ್ಕ ಒಂದು ಸೆಟ್ಟಿಂಗ್ ಐತ್ರಿ. ಸರ್ವರ್ ಸಂಪರ್ಕ ಕಡದ್ರ ಕರಿ ಬಿಡೂದೋ, ತಡಿಯೂದೋ ಅಂತ ಮೊದಲ ಹೇಳಿ ಇಡಬೇಕು. ನಾ 'ಬಿಡು' ಅಂತ ಇಟ್ಟಿದ್ದೆ. ಬಾಯ್ಲರ್ ಇರೋ ಜಾಗಾದಾಗ ಬ್ಯಾರೆ ಹೆಂಗ ಇಡ್ತಾರ್ರಿ?"

"'ತಡಿ' ಅಂತ ಇಟ್ಟಿದ್ರ ಫೋನಿನಾಗ ಏನ ಕೇಳಸ್ತಿತ್ತು?"

ಅವನು ನಾಲಿಗೆಯಿಂದ ಲಗುಬಗೆಯ ಟೂಂಟೂಂ ಸದ್ದು ಮಾಡಿ ತೋರಿಸಿ, ತಾನೇ ಬೆಚ್ಚಿದ. "ಆದ್ರ ನಾ ಬದಲ ಮಾಡಿಲ್ರಿ! ಅವತ್ತ ಇಲ್ಲಿ ಪೂಜಿ ಆದಕೂಡ್ಲೆ ಬನಹಟ್ಟಿಗೆ ಹ್ವಾದೆ, ಮನ್ಯಾಗ ಮಗ್ಗದ ಪೂಜಿ ಇತ್ತು. ಲ್ಯಾಪ್‌ಟಾಪ್ ಇಲ್ಲೇ ಪೂಜಿಯೊಳಗ ಬಿಟ್ಟಿದ್ದೆ."

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ನನಗ," ಎಂದವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮತ್ತ ಸಾಹೇಬ್ರಿಗೆ. ಮಷೀನ್ ಕುಂಡ್ರಿಸುವಾಗ ಮಗ್ಗಲ ಕುಂತು ಎಲ್ಲಾ ಕೇಳಿ ತಿಳ್ಕೊಂಡಾರ್ರಿ. ಕೀಲಿ ತಮ್ಮ ಕೈಯಾಗ ಇರಬೇಕು ಅಂದ್ರು. ಆದ್ರ ಅವರು ಕಲಿತಿದ್ದನ್ನ ನೆನಪ ಇಟ್ಟಿರ್ತಾರ ಅಂತ ನನಗ ಅನ್ನಿಸಂಗಿಲ್ಲ."

ಪೂಜೆಯ ಕೋಣೆ ತೋರಿಸಿದವಳು ಸ್ವಾಗತ ಮೇಜಿನ ಅಂಜನಾ. ಕಂಬಳಿಯ ಮೇಲೆ ಸ್ಪ್ಯಾನರು, ತೂಕದ ಕಲ್ಲು, ಆಫೀಸಿನ ಆರು ಲ್ಯಾಪ್‌ಟಾಪುಗಳು. ಬದಿಯಲ್ಲಿ ಬಾಡಿದ ಚೆಂಡುಹೂವಿನ ಹಾರ ಹೊತ್ತು, ಪೂಜೆಗೆಂದು ಆರಿಸಿಟ್ಟಿದ್ದ ಪಾಲಿಸಿ ಸರ್ವರ್. ಖಂಡೇಪೂಜೆಗೆ ಕೂತ ಆಯುಧವನ್ನು ನಮ್ಮಲ್ಲಿ ಮರುದಿನ ಪೂಜೆ ಎತ್ತುವ ತನಕ ಯಾರೂ ಮುಟ್ಟುವುದಿಲ್ಲ.

"ಸಾವು ಆತಲ್ರಿ," ಎಂದಳು ಅಂಜನಾ. "ಪೂಜಿ ಎತ್ತಾಕ ಯಾರೂ ಮುಂದ ಬರಲಿಲ್ಲ. ಹೆಂಗಿತ್ತೋ ಹಂಗ ಐತಿ. ಕುಂಕಮಾ ನಾನ ಹಚ್ಚಿದ್ದು. ಮುಚ್ಚಳ ಮತ್ತ ತಳ ಕೂಡೋ ಸಂದಿ ಮ್ಯಾಲ ಬೊಟ್ಟು ಇಡೂದು ನಮ್ಮ ಆಯಿ ಪದ್ಧತಿ. ತೆಗದ್ರ ಬೊಟ್ಟು ಒಡೀತೈತಿ, ಮುಟ್ಟಿದಾಂವ ಸಿಕ್ಕ ಬೀಳ್ತಾನ."

"ಕುಂಕಮಾ ಪ್ಯಾಟ್ಯಾಂದು?"

"ಇಲ್ರಿ, ಮನ್ಯಾಂದು. ಅರಿಷಿಣಕ್ಕ ಸುಣ್ಣಾ ಹಾಕಿ ಆಯಿ ಮಾಡ್ತಾಳ."

"ಸರ್ವರ್ ಆರಿಸಿದ ಮ್ಯಾಲೆ ನೀ ಯಾರಿಗರ ಫೋನ್ ಹಚ್ಚಿದ್ಯಾ?"

"ಹೂಂ ಮತ್ತ! ಮುಂಜಾನಿ ಪೂಜಿ ಆದ ಮ್ಯಾಲೆ ಕ್ಯಾಂಟೀನಿಗೆ ಚಹಾಕ್ಕ ಹಚ್ಚಿದ್ದೆ. ಚಹಾ ಬಂತು, ಸಕ್ಕರಿ ಇರಲಿಲ್ಲ. ಸಕ್ಕರಿ ಕಾರ್ಖಾನಿ ನೋಡ್ರಿ!"

ಅವಳು ಮಾತಿಗೆ ಸಿಕ್ಕಿದ್ದಳು. ಹಿಂದಿನ ವರ್ಷದ ಸಮಾರಂಭದ ಕತೆಯೂ ಹೊರಬಂತು. ಚೇರ್ಮನ್ನರ ಭಾಷಣ ಬೆಳೆಯುತ್ತಲೇ ಇದ್ದಾಗ ಬಾಯ್ಲರ್ ಮನೆಯ ಫೋನು ಬಾರಿಸಿತು. ಎತ್ತಿದ ಭೀಮಪ್ಪ ತನ್ನ ದೊಡ್ಡ ದನಿಯಲ್ಲಿ, "ಇನ್ನೂ ಮುಗಿಯಂಗ ಕಾಣಂಗಿಲ್ಲೋ ತಮ್ಮಾ, ಉಪ್ಪಿಟ್ಟು ಆರೂದ್ರಾಗ ನೀವ ತಿಂದ್ಬಿಡ್ರಿ!" ಎಂದನಂತೆ. ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತ್ತು. ಆಮೇಲೆ ಸಾಹೇಬರು ಆ ಫೋನು ಕೀಳಿಸಲು ಹೊರಟಾಗ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು, ಫೋನು ಉಳಿಯಿತು.

"ಈ ಸಲ ಸಾಹೇಬ್ರು ಎಲ್ಲಾ ತಮ್ಮ ಕೈಲೆ ಮಾಡಿದ್ರು," ಎಂದಳು. "ಪಂಢರಪುರದಿಂದ ಘಮಘಮ ಅನ್ನೋ ಅಷ್ಟಗಂಧ ತಂದಿದ್ರು. ಬಂದ ಪಾವಣ್ಯಾರ ಹಣಿಗೆ ತಾವ ಹಚ್ಚಿದ್ರು. ಆ ಡಬ್ಬಿ ಯಾರ ಕೈಯಾಗೂ ಕೊಡಂಗಿಲ್ಲ, ಕಿಸೇದಾಗ ಇಟ್ಕೋತಾರ."

ಸುಹಾಸಿನಿಬಾಯಿ ಮಂಡಿಯೂರಿ ಲ್ಯಾಪ್‌ಟಾಪುಗಳನ್ನು ನೋಡಿದರು. ಆರರ ಸಂದಿಯ ಮೇಲೂ ಬೊಟ್ಟು ಇಡಿಯಾಗಿತ್ತು. ಪ್ರಥಮೇಶನದರ ಮೇಲೆ ಮಾತ್ರ ಮೂಗಿಟ್ಟು ವಾಸನೆ ನೋಡಿದರು. ಎದ್ದವರೇ ಪೂಜೆಯ ನಿಂಬೆಹಣ್ಣೊಂದನ್ನು ನನ್ನ ಕೈಗಿತ್ತರು.

"ಮಾಸ್ತರ, ನಿಮ್ಮ ವಿದ್ಯಾ ಇಲ್ಲೆ ಬಳಸ್ರಿ."

ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ, ಹುಳಿ ಸೋಕಿದರೆ ಮತ್ತೆ ಹಳದಿಗೆ ಮರಳುತ್ತದೆ. ಇದು ಶಾಲೆಯ ಪಾಠ. ಒಂದೊಂದು ಬೊಟ್ಟಿನಿಂದಲೂ ಚಿಟಿಕೆಗಿಂತ ಕಡಿಮೆ ಕೆರೆದು ಬಿಳಿ ಕಾಗದದ ಮೇಲಿಟ್ಟು ನಿಂಬೆರಸ ಬಿಟ್ಟೆ. ಐದು ಕಲೆಗಳು ಹಳದಿಯಾದವು. ಪ್ರಥಮೇಶನ ಲ್ಯಾಪ್‌ಟಾಪಿನದು ಕೇಸರಿಗೆಂಪಾಗಿಯೇ ಉಳಿಯಿತು.

ಸಂಜೆ ಎಲ್ಲರೂ ಬಾಯ್ಲರ್ ಮನೆಯಲ್ಲಿ ಸೇರಿದರು. ಸಬ್ ಇನ್ಸ್‌ಪೆಕ್ಟರ್ ರಾಮಲಿಂಗಪ್ಪ ತುಕಾರಾಮನನ್ನು ಕರೆತಂದಿದ್ದರು. ಸರಿತಾ ಅವನ ಪಕ್ಕದಲ್ಲಿ ನಿಂತಳು. ಸಮಾರಂಭದ ವೇದಿಕೆ ಇನ್ನೂ ಇತ್ತು, ಚೇರ್ಮನ್ನರ ಕೆಂಪು ಕುರ್ಚಿಯೂ ಇತ್ತು. ಬಾಯ್ಲರಿನ ಮುಂದೆ ಹಾರಗಳು ಒಣಗಿ ನೇತಾಡುತ್ತಿದ್ದವು. ನೀಲಕಂಠ ಸಾಹೇಬರು ಕೈಗಡಿಯಾರ ನೋಡಿದರು.

"ಮೊದಲ ಆ ಹಾರಾ ನೋಡ್ರಿ," ಎಂದು ಸುಹಾಸಿನಿಬಾಯಿ ಶುರುಮಾಡಿದರು. "ನೀರಿನ ಮಟ್ಟ ತೋರಿಸೋ ಗಾಜಿನ ಮ್ಯಾಲ ಕಟ್ಟ್ಯಾರ, ಫೋಟೋದಾಗ ಚಂದ ಕಾಣಲಿ ಅಂತ. ಭೀಮಪ್ಪನ ಕಣ್ಣು ಹಂಗ ಕಟ್ಟಿದ್ರು. ಉಳಿದಿದ್ದು ಕಿವಿ. ಅದಕ್ಕ ಈ ಫೋನ್ ಇತ್ತು. ತುಕಾರಾಮ, ನೀ ಕೇಳಿದ ಸಪ್ಪಳಾ ಹ್ಯಾಂಗಿತ್ತು?"

ತುಕಾರಾಮ ಮಾಡಿ ತೋರಿಸಿದ. ಪ್ರಥಮೇಶ ಬೆಳಿಗ್ಗೆ ಮಾಡಿದ್ದೂ ಇದೇ ಸದ್ದು.

"ತಂತಿ ಕಡದಿದ್ರ ಏನೂ ಕೇಳಸ್ತಿರಲಿಲ್ಲ. ಇದು ಬಾಗಲಾ ಕಾಯೋ ಪೆಟಗಿ ಕರಿ ಬಂದದ್ದನ್ನ ನೋಡಿ, ಒಳಗ ಕೇಳಿ, ಜವಾಬ ಸಿಗದ ಹೊಳ್ಳಿ ಕಳಿಸಿದ ಸಪ್ಪಳಾ. ಈ ಕಾರ್ಖಾನಿಯೊಳಗ ಅದನ್ನ ಯಾರೂ ಕೇಳಿರಲಿಲ್ಲ. ಕೇಳದ ಸಪ್ಪಳಾ ಹುಟ್ಟಿಸಿ ಹೇಳಾಕ ಬರಂಗಿಲ್ಲ. ಹಂಗಾದ್ರ ಅಂವಾ ಹಚ್ಚ್ಯಾನ, ಪೆಟಗಿ ತಡದೈತಿ."

"ಸರ್ವರ್ ಪೂಜಿಗೆ ಆರಿಸಿದ್ರಲ್ಲ, ಅದಕ್ಕ ಆಗಿರಬೇಕು," ಎಂದರು ರಾಮಲಿಂಗಪ್ಪ.

"ಹಂಗಿದ್ರ ಅಂಜನಾನ ಚಹಾ ಹೆಂಗ ಬಂತು? ಆಗಲೂ ಸರ್ವರ್ ಆರಿತ್ತು, ಕರಿ ಹೋತು. ಅಂದ್ರ ಮುಂಜಾನಿ 'ಬಿಡು' ಅಂತ ಇದ್ದದ್ದು ಭಾಷಣದ ಹೊತ್ತಿಗೆ 'ತಡಿ' ಆಗಿತ್ತು. ಸಂಜೀಮುಂದ ಸಾಹೇಬ್ರು ಗೇಟಿಗೆ ಮಾತಾಡುವಾಗ ಮತ್ತ 'ಬಿಡು' ಆಗಿತ್ತು. ಯಾರೋ ಎರಡ ಸಲ ಕೈ ಹಾಕ್ಯಾರ."

ಎಲ್ಲರ ಕಣ್ಣು ಪ್ರಥಮೇಶನ ಮೇಲೆ ಬಿತ್ತು. ಸಾಹೇಬರು ತಲೆಯಾಡಿಸಿದರು. "ನನಗ ಮೊದಲ ಸಂಶೆ ಇತ್ತು," ಎಂದರು.

"ಇರಬೇಕ," ಎಂದರು ಸುಹಾಸಿನಿಬಾಯಿ. "ಕೆಲಸ ಆಗಿದ್ದು ಅವನ ಲ್ಯಾಪ್‌ಟಾಪಿನಿಂದನ. ಆದ್ರ ಅಂವಾ ಬನಹಟ್ಟಿಯೊಳಗ ಮಗ್ಗಕ್ಕ ಕಾಯಿ ಒಡಿಯಾಕತ್ತಿದ್ದ. ಪೂಜಿಯೊಳಗಿಂದ ಅದನ್ನ ತಗದಾಂವಗ ಬೊಟ್ಟು ಒಡದದ್ದು ಕಾಣಿಸ್ತು. ಹಂಗ ಬಿಟ್ಟಿದ್ರ ಹೂವಿನ ತೇವಕ್ಕ ಒಡದೈತಿ ಅಂತಿದ್ವಿ. ಶಾಣ್ಯಾ, ತಿದ್ದಾಕ ಹ್ವಾದ. ಕುಂಕಮದ ಬಟ್ಟಲ ಅಂಜನಾನ ಹತ್ರ. ಕೇಳಿದ್ರ ಯಾಕ ಅಂತಾಳ. ತನ್ನ ಕಿಸೇದಾಗ ಇದ್ದದ್ದನ್ನ ಹಚ್ಚಿದ. ಐದು ಬೊಟ್ಟು ನಿಂಬಿಹಣ್ಣಿಗೆ ಹಳದಿ ಆದವು, ಒಂದು ಆಗಲಿಲ್ಲ. ಅದು ಕುಂಕಮ ಅಲ್ಲ, ಅಷ್ಟಗಂಧ. ನೀಲಕಂಠ ಸಾಹೇಬ್ರ, ಕಿಸೇದಾಗಿನ ಡಬ್ಬಿ ತಗೀರಿ."

ಸಾಹೇಬರು ತೆಗೆಯಲಿಲ್ಲ, ಆದರೆ ಕೈ ತಾನಾಗಿ ಕಿಸೆಯನ್ನು ಮುಚ್ಚಿತು. ರಾಮಲಿಂಗಪ್ಪ ಆ ಕೈ ಸರಿಸಿ ಬೆಳ್ಳಿ ಡಬ್ಬಿ ಹೊರತೆಗೆದರು. ನಾನು ಕಾಗದದ ಮೇಲೆ ಅದರದೊಂದು ಚಿಟಿಕೆಯಿಟ್ಟು ನಿಂಬೆ ಹಿಂಡಿದೆ. ಬಣ್ಣ ಕದಲಲಿಲ್ಲ.

"ಯಾರನ್ನೂ ಕೊಲ್ಲೂ ವಿಚಾರ ಇರಲಿಲ್ಲ," ಎಂದರು ಸಾಹೇಬರು. ಅವರ ಶುದ್ಧ ಅಧಿಕಾರಿ ದನಿ ಎಲ್ಲಿಗೋ ಹೋಗಿತ್ತು. "ಭಾಷಣ ಮುಗಿಯೂ ತನಕ ಅಷ್ಟ. ಹ್ವಾದ ವರ್ಷ ಮಂದಿ ನಕ್ಕಿದ್ರು. ಚೇರ್ಮನ್‌ರ ಮುಂದ! ವೈರ್ ಕಿತ್ತಿದ್ರ ಕೂಲಿ ಮಂದಿ ನೋಡತಿದ್ರು, ಮತ್ತ ಗದ್ದಲಾ..."

"ಆಮ್ಯಾಲ?"

"ಆಮ್ಯಾಲ ಹೊಳ್ಳಿ ಇದ್ದಂಗ ಮಾಡಿದೆ. ಅದರ ನೆನಪು ಅಳಿಸಿ ಹೋಗ್ಲಿ ಅಂತ ಪೆಟಗಿ ಕರೆಂಟ್ ತಗದು ಹಾಕಿದೆ."

"ಮತ್ತ ಇವರ ಹೆಸರ ಹೇಳಿದ್ರಿ," ಎಂದಳು ಸರಿತಾ. ಅವಳು ಒಂದು ಹೆಜ್ಜೆ ಮುಂದೆ ಬಂದಿದ್ದಳು. "ಭೀಮಪ್ಪಣ್ಣನ ಹೆಣಾ ಇನ್ನೂ ಇಲ್ಲೆ ಇತ್ತು. ನೀವು ಒಳಗ ಕುಂತು ಬೊಟ್ಟು ತಿದ್ದಾಕತ್ತಿದ್ರಿ."

ಸಾಹೇಬರು ಉತ್ತರಕ್ಕಾಗಿ ಸುಹಾಸಿನಿಬಾಯಿಯವರ ಕಡೆ ನೋಡಿದರು, ವಯಸ್ಸಾದ ಹೆಂಗಸು ತುಸು ಕನಿಕರಿಸಿಯಾಳು ಎಂಬಂತೆ.

"ನನ್ನ ನೋಡಬ್ಯಾಡ್ರಿ," ಎಂದರು ಅವರು. "ಹಗಿ ಸಾಧಿಸಿ ಕೊಂದಾಂವಗ ಹಗಿ ಅನ್ನೂದರ ಇರತೈತಿ. ನಿಮಗೇನಿತ್ತು? ಉಪ್ಪಿಟ್ಟಿನ ಒಂದು ಚ್ಯಾಷ್ಟಿ."

ರಾಮಲಿಂಗಪ್ಪ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಪ್ರಥಮೇಶ ಅಂದೇ ಸೆಟ್ಟಿಂಗನ್ನು ಮತ್ತೊಮ್ಮೆ ತೆರೆದು ಎಲ್ಲರೆದುರು 'ಬಿಡು' ಎಂದಿರುವುದನ್ನು ತೋರಿಸಿದ, ಸಾಹೇಬರಿಗೆ ಗೊತ್ತಿದ್ದ ಪಾಸ್‌ವರ್ಡ್ ಬದಲಿಸಿದ. ಗಾಜಿನ ಮೇಲಿನ ಹಾರವನ್ನು ಅಂಜನಾ ಕತ್ತರಿಸಿ ಹಾಕಿದಳು.

ನನಗೆ ಒಂದು ಸಂಗತಿ ಅಳೆಯದೆ ಸಮಾಧಾನವಾಗಲಿಲ್ಲ. ಮುಂದಿನ ವಾರ ಕಾಲೇಜಿನ ಪ್ರಯೋಗಾಲಯದಿಂದ ಸದ್ದು ಅಳೆಯುವ ಮೀಟರನ್ನು ಕೇಳಿ ಪಡೆದು ಮತ್ತೆ ಹೋದೆ. ವೇದಿಕೆ ಬಿಚ್ಚುವ ಮೊದಲು, ಚೇರ್ಮನ್ನರ ಕುರ್ಚಿಯಲ್ಲಿ ಕುಳಿತವನ ಕಿವಿ ಬರುವ ಎತ್ತರಕ್ಕೆ ಮೀಟರ್ ಹಿಡಿದು ನಿಂತೆ. ಪಾಲಿಸಿ ಸರ್ವರನ್ನು ಅಂದಿನಂತೆಯೇ ಆರಿಸಿಡಲಾಗಿತ್ತು. ನದಿಯ ತಗ್ಗಿನಿಂದ ತುಕಾರಾಮ ಫೋನ್ ಹಚ್ಚಿದ. ಗಂಟೆ ಬಾರಿಸಿತು. ಎತ್ತಲು ಭೀಮಪ್ಪ ಇರಲಿಲ್ಲವಾದ್ದರಿಂದ ತಾನಾಗಿ ನಿಲ್ಲುವ ತನಕ ಬಾರಿಸಿತು. ಇಬ್ಬರು ಎದುರುಬದುರು ಕುಳಿತು ಮಾತಾಡಿದರೆ ಸುಮಾರು ಅರವತ್ತು ಡೆಸಿಬಲ್ ಆಗುತ್ತದೆ. ನೀಲಕಂಠ ಸಾಹೇಬರಿಗೆ ಸಹಿಸಲಾಗದ ಆ ಗಂಟೆಯ ಸದ್ದು ಕೆಂಪು ಕುರ್ಚಿಯ ಬಳಿ ಐವತ್ತೆಂಟು ಡೆಸಿಬಲ್ ಇತ್ತು.